ನಾಲ್ಕು ಡಿಸ್ಕಿನಿಂದ ಹನ್ನೆರಡಕ್ಕೆ: ಕಚೇರಿಗೆ ಬೆಳೆಯುವ ಸ್ಟೋರೇಜ್ ಕಟ್ಟಿದ ಬಗೆ

ಓಡುತ್ತಿರುವ ಸರ್ವರ್‌ಗೆ ಇನ್ನೊಂದು ಡಿಸ್ಕ್ ಸೇರಿಸುವುದು ಹತ್ತು ನಿಮಿಷದ ಕೆಲಸ. ಆದರೆ ಆ ಹತ್ತು ನಿಮಿಷ ಸಿಗಬೇಕಾದರೆ ಮೊದಲ ಡಿಸ್ಕ್ ಹಾಕುವ ದಿನವೇ ನಾಲ್ಕು ವಿಷಯ ತೀರ್ಮಾನವಾಗಿರಬೇಕು: ಖಾಲಿ ಖಾನೆ ಎಷ್ಟು, ಪವರ್ ಸಪ್ಲೈ ಎಷ್ಟು ಡಿಸ್ಕ್ ತಡೆಯುತ್ತದೆ, ಡಿಸ್ಕುಗಳನ್ನು ಜೋಡಿಸುವ ಕಾರ್ಡಿನಲ್ಲಿ ಪೋರ್ಟ್ ಎಷ್ಟು, ಪೂಲ್ (ಹಲವು ಡಿಸ್ಕ್ ಸೇರಿಸಿ ಮಾಡಿದ ಒಂದೇ ಸಂಗ್ರಹ) ಯಾವ ರೀತಿಯಲ್ಲಿ ಬೆಳೆಯಬೇಕು. ಮೊದಲ ಮೂರನ್ನು ಆಮೇಲೂ ಹಣ ಸುರಿದು ಸರಿಪಡಿಸಬಹುದು. ನಾಲ್ಕನೆಯದು ತಪ್ಪಿದರೆ ಇಡೀ ದತ್ತಾಂಶವನ್ನು ಬೇರೆಡೆ ಇಳಿಸಿ ಹೊಸದಾಗಿ ಕಟ್ಟದೆ ದಾರಿಯಿಲ್ಲ.

ಇಪ್ಪತ್ತೈದು ಜನ ಕೆಲಸ ಮಾಡುವ ವ್ಯಾಪಾರಿ ಕಚೇರಿ. ಟ್ಯಾಲಿ, ಸ್ಕ್ಯಾನ್ ಮಾಡಿದ ಬಿಲ್ಲುಗಳು, ಇ-ವೇ ಬಿಲ್ಲಿನ ಪಿಡಿಎಫ್, ಕ್ಯಾಟಲಾಗಿನ ದೊಡ್ಡ ಚಿತ್ರಗಳು. ಹಳೆಯದನ್ನು ಅಳಿಸಿ ಜಾಗ ಮಾಡೋಣ ಎನ್ನುವ ಮಾತು ಇಲ್ಲಿ ನಡೆಯುವುದಿಲ್ಲ. ಕಂಪನಿ ಕಾಯ್ದೆ 2013ರ 128ನೇ ಕಲಮಿನ ಪ್ರಕಾರ ಲೆಕ್ಕಪತ್ರ 8 ವರ್ಷ ಇರಬೇಕು. ಜಿಎಸ್‌ಟಿ ದಾಖಲೆಗಳು ವಾರ್ಷಿಕ ರಿಟರ್ನ್‌ನ ಕೊನೆಯ ದಿನಾಂಕದಿಂದ 72 ತಿಂಗಳು. ಅಂದರೆ ಗಾತ್ರ ಏರುತ್ತಲೇ ಹೋಗುತ್ತದೆ. ಸಿಸಿಟಿವಿ ರೆಕಾರ್ಡಿಂಗನ್ನು ಮಾತ್ರ ಇದರೊಳಗೆ ಬಿಟ್ಟುಕೊಳ್ಳಲಿಲ್ಲ. ಅದಕ್ಕೆ ಅದರದೇ ಡಿವಿಆರ್ ಇದೆ, ಅಲ್ಲೇ ಇರಲಿ.

ಪೆಟ್ಟಿಗೆಗೆ ಎದುರಿನಿಂದ ಎಳೆದು ತೆಗೆಯುವ 8 ಖಾನೆಯ ಹಾಟ್‌ಸ್ವಾಪ್ ಚಾಸಿ (ಯಂತ್ರ ಓಡುತ್ತಿರುವಾಗಲೇ ಡಿಸ್ಕ್ ಬದಲಿಸಬಹುದಾದದ್ದು), 32 ಜಿಬಿ ಇಸಿಸಿ (ತನ್ನ ತಪ್ಪು ತಾನೇ ತಿದ್ದಿಕೊಳ್ಳುವ) ಮೆಮೊರಿ, ಡಿಸ್ಕುಗಳಿಗೆ ಎಲ್‌ಎಸ್‌ಐ 9300-8ಐ ಕಾರ್ಡು. ಈ ಕಾರ್ಡಿನಲ್ಲಿ ಎರಡು ಎಸ್‌ಎಫ್‌ಎಫ್-8643 ಕನೆಕ್ಟರ್, ಒಂದೊಂದಕ್ಕೆ ನಾಲ್ಕು ಡಿಸ್ಕ್. ಡಿಸ್ಕುಗಳನ್ನು ತಾನೇ ಒಂದುಗೂಡಿಸುವ ಹಾರ್ಡ್‌ವೇರ್ ರೇಡ್ ಕಾರ್ಡನ್ನು ಬೇಕೆಂದೇ ಬಿಟ್ಟೆ. ಅದು ಕೆಟ್ಟರೆ ಅದೇ ಜಾತಿಯ ಕಾರ್ಡ್ ಹುಡುಕಿಕೊಂಡು ಹೋಗಬೇಕು. ಐಟಿ ಫರ್ಮ್‌ವೇರ್ ಇರುವ ಕಾರ್ಡು ಡಿಸ್ಕನ್ನು ಇದ್ದ ಹಾಗೆ ಲಿನಕ್ಸ್‌ಗೆ ತೋರಿಸುತ್ತದೆ ಅಷ್ಟೆ. ಬೋರ್ಡ್ ಸುಟ್ಟರೂ ಡಿಸ್ಕುಗಳನ್ನು ಬೇರೆ ಯಂತ್ರಕ್ಕೆ ಚುಚ್ಚಿ ಪೂಲ್ ಇಂಪೋರ್ಟ್ ಮಾಡಿಕೊಳ್ಳಬಹುದು.

ಈ ಕಾರ್ಡುಗಳಿಗೆ ಒಂದು ರೋಗವಿದೆ. ಇವು ಜೋರಾಗಿ ಗಾಳಿ ಬೀಸುವ ಸರ್ವರ್‌ಗಳಿಗೆಂದು ಮಾಡಿದವು, ಮೇಲೆ ಬರೀ ಹೀಟ್‌ಸಿಂಕ್. ಸಾಮಾನ್ಯ ಚಾಸಿಯಲ್ಲಿ ಮುಟ್ಟಿದರೆ ಬೆರಳು ಸುಡುವಷ್ಟು ಬಿಸಿಯಾಗುತ್ತವೆ. 40 ಮಿಲಿಮೀಟರಿನ ಸಣ್ಣ ಫ್ಯಾನೊಂದನ್ನು ಹೀಟ್‌ಸಿಂಕ್ ಮೇಲೆ ಕೂರಿಸಿದೆ. ಕೇಬಲ್ ಕೊಳ್ಳುವಾಗಲೂ ಎಚ್ಚರ. ಕಾರ್ಡಿನಿಂದ ನಾಲ್ಕು ಸಾಟಾ ಡಿಸ್ಕಿಗೆ ಹೋಗುವುದು ಫಾರ್ವರ್ಡ್ ಬ್ರೇಕ್‌ಔಟ್. ಮದರ್‌ಬೋರ್ಡಿನ ಸಾಟಾ ಪೋರ್ಟಿನಿಂದ ಬ್ಯಾಕ್‌ಪ್ಲೇನಿಗೆ (ಖಾನೆಗಳ ಹಿಂದಿನ ಕನೆಕ್ಟರ್ ಹಲಗೆಗೆ) ಬರುವುದು ರಿವರ್ಸ್. ನೋಡಲು ಎರಡೂ ಒಂದೇ. ತಪ್ಪಾದದ್ದು ಹಾಕಿದರೆ ಏನೂ ಸುಡುವುದಿಲ್ಲ, ಒಂದು ಡಿಸ್ಕೂ ಕಾಣುವುದೂ ಇಲ್ಲ.

ವಿದ್ಯುತ್ತಿನ ಲೆಕ್ಕ ಹೀಗೆ. 3.5 ಇಂಚಿನ ಡಿಸ್ಕ್ ತಿರುಗಲು ಶುರುವಾಗುವ ಕೆಲವು ಸೆಕೆಂಡು 12 ವೋಲ್ಟಿನಲ್ಲಿ ಸುಮಾರು 2 ಆಂಪಿಯರ್ ಎಳೆಯುತ್ತದೆ. ಎಂಟು ಡಿಸ್ಕಿಗೆ 16 ಆಂಪಿಯರ್, ಅಂದರೆ 192 ವ್ಯಾಟ್, ಅದೂ ಬೋರ್ಡು ಪ್ರೊಸೆಸರ್ ಬಿಟ್ಟು. ಈಗ ನಾಲ್ಕೇ ಡಿಸ್ಕ್ ಇದ್ದರೂ ಎಂಟರ ಲೆಕ್ಕದಲ್ಲೇ ಪವರ್ ಸಪ್ಲೈ ತಂದೆ. ಒಂದು ಪವರ್ ಎಳೆಗೆ ನಾಲ್ಕಕ್ಕಿಂತ ಹೆಚ್ಚು ಡಿಸ್ಕ್ ಬೇಡ. ಮೋಲೆಕ್ಸ್‌ನಿಂದ ಸಾಟಾಗೆ ಬದಲಿಸುವ ಅಗ್ಗದ ಕೇಬಲ್‌ಗಳಲ್ಲಿ ಪ್ಲಾಸ್ಟಿಕ್ ಕರಗಿಸಿ ಅಚ್ಚು ಹಾಕಿದವನ್ನು ಮುಟ್ಟಲೇಬೇಡಿ. ಒಳಗೆ ತಂತಿ ಜರುಗಿ ಶಾರ್ಟ್ ಆಗಿ ಹೊತ್ತಿಕೊಳ್ಳುವುದು ಅವೇ. ಇನ್ನೊಂದು: ಹೊಸ ಡಿಸ್ಕ್ ಹಾಕಿದಾಗ ಸದ್ದೇ ಇಲ್ಲ ಎಂದರೆ ಅದು ಸತ್ತಿದೆ ಎಂದು ವಾಪಸ್ ಕಳಿಸಬೇಡಿ. ಸಾಟಾ 3.3ರಿಂದ ಪವರ್ ಕನೆಕ್ಟರಿನ ಮೂರನೇ ಪಿನ್ನಿಗೆ 3.3 ವೋಲ್ಟ್ ಬಂದರೆ ಡಿಸ್ಕ್ ಆಫ್ ಆಗಬೇಕೆಂಬ ಏರ್ಪಾಡಿದೆ. ಹಳೆಯ ಪವರ್ ಸಪ್ಲೈಗಳು ಆ ಪಿನ್ನಿಗೆ 3.3 ವೋಲ್ಟ್ ಕೊಡುತ್ತಲೇ ಇರುತ್ತವೆ.

ಡಿಸ್ಕಿನ ಆಯ್ಕೆಯಲ್ಲಿ ಬ್ರ್ಯಾಂಡಿಗಿಂತ ದೊಡ್ಡ ವಿಷಯ ಎರಡು. ಒಂದು, ಅದು ಸಿಎಂಆರ್ (ಟ್ರ್ಯಾಕುಗಳು ಬೇರೆ ಬೇರೆ ಇರುವ ಬಗೆ) ಆಗಿರಬೇಕು, ಎಸ್‌ಎಂಆರ್ ಅಲ್ಲ. ಎಸ್‌ಎಂಆರ್‌ನಲ್ಲಿ ಟ್ರ್ಯಾಕುಗಳು ಹೆಂಚಿನ ಹಾಗೆ ಒಂದರ ಮೇಲೊಂದು ಹಾಯ್ದಿರುತ್ತವೆ. ಒಂದನ್ನು ಬದಲಿಸಲು ಪಕ್ಕದವನ್ನೂ ಬರೆಯಬೇಕು. ದಿನದ ಬಳಕೆಯಲ್ಲಿ ಇದು ಗೊತ್ತೇ ಆಗುವುದಿಲ್ಲ. ಒಂದು ಡಿಸ್ಕ್ ಸತ್ತು, ಹೊಸದರ ಮೇಲೆ ಗಂಟೆಗಟ್ಟಲೆ ಬರೆಯಬೇಕಾದಾಗ ವೇಗ ನೆಲಕಚ್ಚುತ್ತದೆ, ಡಿಸ್ಕ್ ಉತ್ತರ ಕೊಡದೆ ಪೂಲಿನಿಂದ ಹೊರಬೀಳುತ್ತದೆ. ಎರಡು, ಓದಲಾಗದ ಸೆಕ್ಟರ್ ಸಿಕ್ಕಾಗ ಬೇಗ ಸೋಲೊಪ್ಪಿಕೊಳ್ಳುವ ಗುಣ. ಡಿಸ್ಕಿನ ಆರೋಗ್ಯ ನೋಡುವ ಸ್ಮಾರ್ಟ್‌ಸಿಟಿಎಲ್ ಆದೇಶದಲ್ಲಿ ಇದನ್ನು ಸ್ಕಾಟ್‌ಇಆರ್‌ಸಿ ಎಂಬ ಆಯ್ಕೆ ತೋರಿಸುತ್ತದೆ. 70 ಎಂದಿದ್ದರೆ 7 ಸೆಕೆಂಡು. ಲಿನಕ್ಸ್ 30 ಸೆಕೆಂಡು ಮಾತ್ರ ಕಾಯುತ್ತದೆ. ಮನೆ ಬಳಕೆಯ ಡಿಸ್ಕು ಅದನ್ನೂ ಮೀರಿ ಹೆಣಗಾಡುತ್ತಾ ಕೂತರೆ ಒಂದೇ ಕೆಟ್ಟ ಸೆಕ್ಟರಿಗೆ ಲಿನಕ್ಸ್ ಇಡೀ ಡಿಸ್ಕಿನ ಲಿಂಕನ್ನೇ ರೀಸೆಟ್ ಮಾಡಿಬಿಡುತ್ತದೆ.

8 ಟಿಬಿಯ ನಾಲ್ಕು ಡಿಸ್ಕ್ ತಂದೆ, ಎರಡು ಬೇರೆ ಬೇರೆ ಅಂಗಡಿಯಿಂದ. ಒಂದೇ ದಿನ ಒಂದೇ ಸಾಲಿನಲ್ಲಿ ತಯಾರಾಗಿ, ಒಂದೇ ಡಬ್ಬಿಯಲ್ಲಿ ಕುಲುಕಿಕೊಂಡು ಬಂದವು ಒಟ್ಟಿಗೇ ಕೈಕೊಡುವ ಸಂಭವ ಹೆಚ್ಚು. ಬೆಂಗಳೂರಿನ ಎಸ್‌ಪಿ ರಸ್ತೆಯಲ್ಲಿ ಕೊಂಡರೂ ಆನ್‌ಲೈನ್‌ನಲ್ಲಿ ಕೊಂಡರೂ ಬಿಲ್ಲಿನ ಮೇಲೆ ಸೀರಿಯಲ್ ನಂಬರ್ ಬರೆಸಿಕೊಳ್ಳಿ, ತಯಾರಕರ ಜಾಲತಾಣದಲ್ಲಿ ಭಾರತದ ವಾರಂಟಿ ತೋರಿಸುತ್ತದೆಯೇ ನೋಡಿಕೊಳ್ಳಿ. ಹೊಸದೆಂದು ಕೊಟ್ಟ ಡಿಸ್ಕಿನ ಸ್ಮಾರ್ಟ್ (ಡಿಸ್ಕ್ ತಾನೇ ಇಡುವ ಆರೋಗ್ಯದ ದಾಖಲೆ) ಗಂಟೆಗಳನ್ನು, ಅಂದರೆ ಎಷ್ಟು ಹೊತ್ತು ಓಡಿದೆ ಎಂಬ ಲೆಕ್ಕವನ್ನು, ಸೊನ್ನೆ ಮಾಡಿರುವುದೂ ಉಂಟು. ಸೀಗೇಟ್ ಡಿಸ್ಕಾದರೆ ಸ್ಮಾರ್ಟ್‌ಮಾನ್‌ಟೂಲ್ಸ್ 7.4ರಿಂದ ಫಾರ್ಮ್ ಲಾಗ್ (ಸೀಗೇಟಿನದೇ ಪ್ರತ್ಯೇಕ ದಾಖಲೆ) ಓದಬಹುದು; ಅಲ್ಲಿನ ಗಂಟೆಗೂ ಸ್ಮಾರ್ಟ್ ಗಂಟೆಗೂ ತಾಳೆಯಾಗದಿದ್ದರೆ ಅದು ಹಳೆಯ ಮಾಲು.

ಪೂಲಿಗೆ ಸೇರಿಸುವ ಮೊದಲು ಪ್ರತಿ ಡಿಸ್ಕಿಗೂ ಬ್ಯಾಡ್‌ಬ್ಲಾಕ್ಸ್ ಬರಹ ಪರೀಕ್ಷೆ, 4096 ಬೈಟಿನ ಬ್ಲಾಕಿನಲ್ಲಿ. ಇದು ನಾಲ್ಕು ಮಾದರಿ ಬರೆದು ಓದುತ್ತದೆ, ಅಂದರೆ ಎಂಟು ಸುತ್ತು. ಸೆಕೆಂಡಿಗೆ 200 ಎಂಬಿ ಹಿಡಿದರೂ 8 ಟಿಬಿಗೆ ಒಂದು ಸುತ್ತು 11 ಗಂಟೆ. ಒಟ್ಟು ನಾಲ್ಕೈದು ದಿನ. ಮುಗಿದ ಮೇಲೆ ಸ್ಮಾರ್ಟ್‌ನ 5, 197, 198ನೇ ಸಾಲು (ಕೆಟ್ಟ ಸೆಕ್ಟರುಗಳ ಎಣಿಕೆ) ಸೊನ್ನೆಯಿಂದ ಅಲುಗಿದ್ದರೆ ಡಿಸ್ಕ್ ವಾಪಸ್. 199 ಏರಿದ್ದರೆ ಮಾತ್ರ ಡಿಸ್ಕನ್ನು ದೂರಬೇಡಿ, ಅದು ಕೇಬಲಿನ ತಕರಾರು.

ಈಗ ವಿನ್ಯಾಸ. ಡೆಬಿಯನ್ 13 ಎಂಬ ಲಿನಕ್ಸ್, ಡಿಸ್ಕುಗಳನ್ನು ಪೂಲ್ ಆಗಿ ನೋಡಿಕೊಳ್ಳುವ ಜೆಡ್‌ಎಫ್‌ಎಸ್ ಕಡತ ವ್ಯವಸ್ಥೆ. ನಾಲ್ಕು ಡಿಸ್ಕನ್ನು ಎರಡು ಮಿರರ್ ಜೋಡಿ (ಒಂದರ ಪ್ರತಿ ಇನ್ನೊಂದರಲ್ಲಿ) ಮಾಡಿದರೂ ರೇಡ್‌ಜೆಡ್2 (ಎರಡು ಡಿಸ್ಕಿನಷ್ಟು ಜಾಗ ಪ್ಯಾರಿಟಿಗೆ, ಅಂದರೆ ಕಳೆದದ್ದನ್ನು ಮರಳಿ ಲೆಕ್ಕಹಾಕುವ ಮಾಹಿತಿಗೆ) ಮಾಡಿದರೂ ಸಿಗುವುದು 16 ಟಿಬಿಯೇ, 1024ರ ಲೆಕ್ಕ ಹಿಡಿಯುವ ಪರದೆ ಮೇಲೆ ಅದು 14.5 ಎಂದು ಕಾಣುತ್ತದೆ. ಮಿರರ್ ಚುರುಕು, ಬೆಳೆಸುವುದೂ ಸುಲಭ, ಆದರೆ ಒಂದೇ ಜೋಡಿಯ ಎರಡೂ ಡಿಸ್ಕ್ ಹೋದರೆ ಎಲ್ಲವೂ ಹೋಯಿತು. ರೇಡ್‌ಜೆಡ್2ರಲ್ಲಿ ಯಾವ ಎರಡು ಹೋದರೂ ನಡೆಯುತ್ತದೆ. ಒಂದೇ ಡಿಸ್ಕಿನಷ್ಟು ಪ್ಯಾರಿಟಿ ಇಡುವ ರೇಡ್‌ಜೆಡ್1 ಅನ್ನು ಈ ಗಾತ್ರದ ಡಿಸ್ಕಿಗೆ ನಾನು ಲೆಕ್ಕಕ್ಕೇ ತೆಗೆದುಕೊಳ್ಳುವುದಿಲ್ಲ. ಒಂದು ಡಿಸ್ಕ್ ಸತ್ತು ಉಳಿದವನ್ನು ಅರ್ಧ ದಿನ ಓದುವಾಗ ಒಂದು ಸೆಕ್ಟರ್ ಓದಲಾಗದಿದ್ದರೂ ಅದನ್ನು ಸರಿಪಡಿಸಲು ಪ್ಯಾರಿಟಿ ಉಳಿದಿರುವುದಿಲ್ಲ. ಹಾಗಾಗಿ ರೇಡ್‌ಜೆಡ್2. ಟ್ಯಾಲಿಯ ದತ್ತಾಂಶಕ್ಕೆ ಮಾತ್ರ ಬೇರೆ ಪೂಲ್: ವಿದ್ಯುತ್ ಹೋದರೂ ಬಫರ್ ಕಾಯುವ 960 ಜಿಬಿಯ ಎರಡು ಎಸ್‌ಎಸ್‌ಡಿ, ಮಿರರ್. ಸಣ್ಣ ಸಣ್ಣ ಓದು-ಬರಹಕ್ಕೆ ತಿರುಗುವ ಡಿಸ್ಕಿನ ರೇಡ್‌ಜೆಡ್ ನಿಧಾನ. ಕೌಂಟರಿನಲ್ಲಿ ಬಿಲ್ ಹಾಕುವವರು ಅದನ್ನು ಮೊದಲ ದಿನವೇ ಹೇಳುತ್ತಾರೆ.

ಪೂಲ್ ಮಾಡುವಾಗ ಎಸ್‌ಡಿಎ, ಎಸ್‌ಡಿಬಿ ಹೆಸರು ಬಳಸಬೇಡಿ. ರೀಬೂಟಿಗೆ ಅವು ಅದಲುಬದಲಾಗುತ್ತವೆ. ಸೀರಿಯಲ್ ನಂಬರ್ ಇರುವ ಬೈ-ಐಡಿ ಹೆಸರೇ ಸರಿ. ಆಶಿಫ್ಟ್ (ಬರಹದ ಅತಿ ಚಿಕ್ಕ ತುಂಡಿನ ಗಾತ್ರ) 12, ಏಕೆಂದರೆ ಒಮ್ಮೆ 9 ಆದರೆ ಆ ಗುಂಪಿನಲ್ಲಿ ಬದಲಿಸಲಾಗದು. ಎಲ್‌ಜೆಡ್4 ಸಂಕೋಚನ, ಸ್ಕ್ಯಾನ್ ಮತ್ತು ಚಿತ್ರಗಳಿಗೆ ರೆಕಾರ್ಡ್ ಗಾತ್ರ 1 ಎಂಬಿ, ಎಟೈಮ್ (ಕಡತವನ್ನು ಕೊನೆಗೆ ಓದಿದ ಸಮಯದ ದಾಖಲೆ) ಬಂದ್. ಡೀಡ್ಯೂಪ್ (ಒಂದೇ ರೀತಿಯ ತುಂಡನ್ನು ಒಮ್ಮೆ ಮಾತ್ರ ಇಡುವುದು) ಕಡೆ ತಲೆಯೂ ಹಾಕಬೇಡಿ, ಮೆಮೊರಿ ನುಂಗುತ್ತದೆ. ಟ್ರೇಗಳ ಮೇಲೆ ಸೀರಿಯಲ್‌ನ ಕೊನೆಯ ನಾಲ್ಕು ಅಕ್ಷರ ಅಂಟಿಸಿ. ಒಂದು ಡಿಸ್ಕ್ ಕೆಟ್ಟಾಗ ಪಕ್ಕದ ಒಳ್ಳೆಯದನ್ನು ಎಳೆದುಬಿಡುವುದು ಈ ಕಸುಬಿನ ಅತಿ ಸಾಮಾನ್ಯ ಅಪಘಾತ.

ಬೆಳೆಸುವ ವಿಚಾರ. ರೇಡ್‌ಜೆಡ್ ಗುಂಪಿಗೆ ಒಂದೊಂದೇ ಡಿಸ್ಕ್ ಸೇರಿಸುವ ಸೌಲಭ್ಯ ಓಪನ್‌ಜೆಡ್‌ಎಫ್‌ಎಸ್ 2.3ರಲ್ಲಿ, 2025ರ ಜನವರಿಯಲ್ಲಿ ಬಂತು. ಡೆಬಿಯನ್ 12ರ ಜೊತೆ ಬರುವ 2.1ರಲ್ಲಿ ಇದು ಇಲ್ಲ. ಹಳೆಯ ಪೂಲ್ ಆಗಿದ್ದರೆ ಮೊದಲು ಜೆಡ್‌ಪೂಲ್ ಅಪ್‌ಗ್ರೇಡ್ ಮಾಡಿ ಈ ಫೀಚರನ್ನು ತೆರೆಯಬೇಕು. ಒಮ್ಮೆ ವಿಸ್ತರಿಸಿದ ಪೂಲನ್ನು ಹಳೆಯ ಆವೃತ್ತಿ ಓದಲಾರದು. ತುರ್ತಿಗೆಂದು ಇಟ್ಟ ಯುಎಸ್‌ಬಿಯನ್ನೂ ಅದೇ ದಿನ ಹೊಸದು ಮಾಡಿ.

ಪೂಲ್ ಶೇ. 70 ತುಂಬಿದಾಗಲೇ ಡಿಸ್ಕ್ ಆರ್ಡರ್ ಮಾಡುತ್ತೇನೆ. ಪರೀಕ್ಷೆಗೆ ಐದು ದಿನ ಬೇಕು, ಮತ್ತು ಶೇ. 80 ದಾಟಿದರೆ ಖಾಲಿ ಜಾಗ ಚೂರುಚೂರಾಗಿ ಬರಹ ನಿಧಾನವಾಗುತ್ತದೆ. ಸ್ಕ್ರಬ್ (ಎಲ್ಲ ದತ್ತಾಂಶವನ್ನೂ ಓದಿ ಪರೀಕ್ಷಿಸುವುದು) ಓಡಿಸಿ ತಪ್ಪಿಲ್ಲವೆಂದು ನೋಡಿಕೊಂಡು, ಬ್ಯಾಕಪ್ ಮುಗಿಸಿ, ಜೆಡ್‌ಪೂಲ್ ಅಟ್ಯಾಚ್ ಎಂದು ಬರೆದು ಪೂಲಿನ ಹೆಸರು, ರೇಡ್‌ಜೆಡ್2-0 ಎಂಬ ಗುಂಪಿನ ಹೆಸರು, ಹೊಸ ಡಿಸ್ಕಿನ ಬೈ-ಐಡಿ ಹೆಸರು ಕೊಟ್ಟರೆ ಕೆಲಸ ಶುರು. ಇರುವ ದತ್ತಾಂಶವನ್ನೆಲ್ಲ ಐದು ಡಿಸ್ಕಿಗೆ ಹರಡುತ್ತದೆ, ಒಂದು ದಿನದ ಮೇಲೇ ಹಿಡಿಯುತ್ತದೆ. ಅಷ್ಟರಲ್ಲಿ ಶೇರ್‌ಗಳು ನಡೆಯುತ್ತಲೇ ಇರುತ್ತವೆ. ನಡುವೆ ರೀಬೂಟ್ ಆದರೂ ನಿಂತಲ್ಲಿಂದ ಮುಂದುವರಿಯುತ್ತದೆ, ಡಿಸ್ಕ್ ಕೈಕೊಟ್ಟರೆ ಅದು ಸರಿಯಾಗುವ ತನಕ ತಡೆದು ನಿಲ್ಲುತ್ತದೆ. ಮುಗಿದ ಮೇಲೆ ತಾನೇ ಸ್ಕ್ರಬ್ ಓಡಿಸುತ್ತದೆ. ಆರನೆಯದಕ್ಕೂ ಇದೇ ಕ್ರಮ.

ಇಲ್ಲಿ ಎಲ್ಲರೂ ಗಾಬರಿಯಾಗುವ ಜಾಗ ಒಂದಿದೆ. ಆರು ಡಿಸ್ಕಿನ ರೇಡ್‌ಜೆಡ್2 ಎಂದರೆ 32 ಟಿಬಿ ಸಿಗಬೇಕು, ಆದರೆ ಜೆಡ್‌ಎಫ್‌ಎಸ್ ಲಿಸ್ಟ್ ಸುಮಾರು 24ರ ಲೆಕ್ಕ ತೋರಿಸುತ್ತದೆ. ಡಿಸ್ಕ್ ನುಂಗಿಲ್ಲ. ಹಳೆಯ ಬ್ಲಾಕುಗಳು ಎರಡು ದತ್ತಾಂಶಕ್ಕೆ ಎರಡು ಪ್ಯಾರಿಟಿ ಎಂಬ ಹಳೆಯ ಪ್ರಮಾಣದಲ್ಲೇ ಉಳಿದಿರುತ್ತವೆ. ಹೊಸದಾಗಿ ಬರೆದದ್ದು ಮಾತ್ರ ನಾಲ್ಕಕ್ಕೆ ಎರಡು. ಖಾಲಿ ಜಾಗವನ್ನು ತೋರಿಸುವ ಲೆಕ್ಕವೂ ಹುಟ್ಟಿದಾಗಿನ ಪ್ರಮಾಣವನ್ನೇ ಬಳಸುತ್ತದೆ. ಅದಕ್ಕೇ ಹೊಸ ಕಡತಗಳು ಇರುವುದಕ್ಕಿಂತ ಚಿಕ್ಕದಾಗಿ ಕಾಣುತ್ತವೆ. ಹಳೆಯದರ ಜಾಗ ಬಿಡಿಸಿಕೊಳ್ಳಬೇಕಾದರೆ ಡೇಟಾಸೆಟ್ಟನ್ನು (ಪೂಲಿನೊಳಗಿನ ಒಂದು ವಿಭಾಗವನ್ನು) ಸೆಂಡ್-ರಿಸೀವ್ ಮಾಡಿ, ಅಂದರೆ ಪೂರ್ತಿ ನಕಲಿಸಿ, ಹೊಸದಾಗಿ ಬರೆದು ಹಳೆಯದನ್ನು ಅಳಿಸಬೇಕು. ಕಡತಗಳನ್ನು ಅಲ್ಲಲ್ಲೇ ನಕಲು ಮಾಡಿದರೆ ಸ್ನ್ಯಾಪ್‌ಶಾಟ್‌ಗಳು (ಒಂದು ಕ್ಷಣದ ಸ್ಥಿತಿಯನ್ನು ಹಿಡಿದಿಟ್ಟ ಪ್ರತಿಗಳು) ಹಳೆಯ ಬ್ಲಾಕ್ ಹಿಡಿದುಕೊಂಡು ಜಾಗ ಇಮ್ಮಡಿಯಾಗುತ್ತದೆ.

ಅಟ್ಯಾಚ್ ಬದಲು ಆ್ಯಡ್ ಎಂದು ಬರೆದರೆ? ಆ ಒಂಟಿ ಡಿಸ್ಕ್ ಪ್ಯಾರಿಟಿಯೇ ಇಲ್ಲದೆ ಪೂಲಿನ ಪೂರ್ಣ ಪಾಲುದಾರನಾಗುತ್ತದೆ. ಅದೊಂದು ಸತ್ತರೆ ಇಡೀ ಪೂಲ್ ಸತ್ತಂತೆ, ಮತ್ತು ರೇಡ್‌ಜೆಡ್ ಇರುವ ಪೂಲಿನಿಂದ ಅದನ್ನು ವಾಪಸ್ ತೆಗೆಯಲಾಗದು. ರೆಪ್ಲಿಕೇಷನ್ ಹೊಂದುತ್ತಿಲ್ಲ ಎಂದು ಜೆಡ್‌ಪೂಲ್ ಎಚ್ಚರಿಸುತ್ತದೆ, ಎಫ್ ಆಯ್ಕೆ ಕೇಳುತ್ತದೆ. ರಾತ್ರಿ ಹತ್ತರ ಮೇಲೆ ಕೆಲಸ ಮಾಡುವವರು ಅದನ್ನು ಕೊಟ್ಟೂಬಿಡುತ್ತಾರೆ. ನಿಜವಾಗಿಯೂ ಆ್ಯಡ್ ಬೇಕಾದಾಗ ಮೊದಲು ಎನ್ ಆಯ್ಕೆಯಲ್ಲಿ ಒಣ ಓಟ (ಏನೂ ಬದಲಿಸದೆ ಫಲಿತಾಂಶ ಮಾತ್ರ ತೋರಿಸುವುದು), ಆಮೇಲೆ ಜೆಡ್‌ಪೂಲ್ ಚೆಕ್‌ಪಾಯಿಂಟ್ (ಇಡೀ ಪೂಲನ್ನು ಹಿಂದಿರುಗಿಸಬಹುದಾದ ಗುರುತು), ಆಮೇಲೆ ಆ್ಯಡ್. ತಪ್ಪಾದರೆ ಚೆಕ್‌ಪಾಯಿಂಟಿಗೆ ಹಿಂದಿರುಗಿ ಇಂಪೋರ್ಟ್ ಮಾಡಬಹುದು. ಸರಿಯಾಗಿದ್ದರೆ ಚೆಕ್‌ಪಾಯಿಂಟನ್ನು ಮರೆಯದೆ ತೆಗೆಯಿರಿ, ಇಲ್ಲದಿದ್ದರೆ ಅಳಿಸಿದ ಜಾಗ ಮರಳುವುದಿಲ್ಲ. ಅಟ್ಯಾಚ್‌ಗೆ ಮಾತ್ರ ಈ ರಕ್ಷಣೆ ಇಲ್ಲ. ಚೆಕ್‌ಪಾಯಿಂಟ್ ಇರುವಾಗ ಅಟ್ಯಾಚ್ ನಡೆಯುವುದೇ ಇಲ್ಲ.

ದೋಷ ಬಂದಾಗ ಎಷ್ಟು ಡಿಸ್ಕ್ ಒಟ್ಟಿಗೆ ದೂರುತ್ತಿವೆ ಎಂಬುದೇ ಮೊದಲ ಸುಳಿವು. ಒಂದು ಮಾತ್ರ ಆದರೆ ಡಿಸ್ಕ್. ಒಂದೇ ಕನೆಕ್ಟರಿನ ನಾಲ್ಕೂ ಆದರೆ ಕೇಬಲ್ ಅಥವಾ ಪವರ್ ಎಳೆ. ಎಲ್ಲವೂ ಆದರೆ ಕಾರ್ಡಿನ ಬಿಸಿ ಅಥವಾ ಪವರ್ ಸಪ್ಲೈ. ಕಲಬುರಗಿ, ರಾಯಚೂರು ಕಡೆಯ ಏಪ್ರಿಲ್-ಮೇ ತಿಂಗಳಲ್ಲಿ ಹೊರಗೆ 40 ಡಿಗ್ರಿ ದಾಟಿರುವಾಗ, ಎಸಿ ಆರಿಸಿ ಬೀಗ ಹಾಕಿದ ಕೋಣೆಯಲ್ಲಿ ಸರ್ವರ್ ಬೆಂದು ಹೋಗುತ್ತದೆ. ಡಿಸ್ಕಿನ ಬಿಸಿ ನೋಡುವ ಸ್ಮಾರ್ಟ್‌ಡಿ ತಂತ್ರಾಂಶಕ್ಕೆ 45 ಡಿಗ್ರಿಗೆ ದಾಖಲೆ, 50ಕ್ಕೆ ಮೇಲ್ ಎಂದು ಕೊಟ್ಟಿದ್ದೇನೆ. ಆ ಮೇಲ್ ನಿಜವಾಗಿ ತಲುಪುತ್ತದೆಯೇ ಎಂದು ಸ್ಮಾರ್ಟ್‌ಡಿಯಿಂದ ಪರೀಕ್ಷಾ ಮೇಲ್ ಕಳಿಸಿ ನೋಡಿದ ಮೇಲೆಯೇ ನಂಬಿ.

ಇದಾವುದೂ ಬ್ಯಾಕಪ್ ಅಲ್ಲ. ರ‍್ಯಾನ್ಸಮ್‌ವೇರ್ ಬಂದರೆ ಪ್ಯಾರಿಟಿ ಅದನ್ನೂ ಶ್ರದ್ಧೆಯಿಂದ ಕಾಪಾಡುತ್ತದೆ. ಗಂಟೆಗೊಮ್ಮೆ ಸ್ನ್ಯಾಪ್‌ಶಾಟ್, ರಾತ್ರಿ ಬೇರೆ ಕಟ್ಟಡದ ಇನ್ನೊಂದು ಯಂತ್ರಕ್ಕೆ ಸೆಂಡ್. ಆ ಯಂತ್ರ ತಾನೇ ಬಂದು ಎಳೆದುಕೊಂಡು ಹೋಗುತ್ತದೆ, ಮುಖ್ಯ ಸರ್ವರ್‌ಗೆ ಅದರ ಪಾಸ್‌ವರ್ಡ್ ಗೊತ್ತಿಲ್ಲ. ಕಂಪನಿಗಳ ಲೆಕ್ಕಪತ್ರ ನಿಯಮಕ್ಕೆ 2022ರಲ್ಲಿ ಆದ ತಿದ್ದುಪಡಿಯ ಪ್ರಕಾರ ಭಾರತದೊಳಗಿನ ಸರ್ವರಿನಲ್ಲಿ ದಿನವೂ ಬ್ಯಾಕಪ್ ಆಗಬೇಕು; ಈ ಏರ್ಪಾಡು ಅದಕ್ಕೂ ಒದಗುತ್ತದೆ. ತಿಂಗಳಿಗೊಮ್ಮೆ ಟ್ಯಾಲಿಯ ಒಂದು ಕಂಪನಿಯನ್ನು ಅಲ್ಲಿಂದ ಇಳಿಸಿ ತೆರೆದು, ಟ್ರಯಲ್ ಬ್ಯಾಲೆನ್ಸ್ ತಾಳೆ ನೋಡುತ್ತೇವೆ.

ಆರರ ನಂತರ ಉಳಿದ ಎರಡು ಖಾನೆ ಎಸ್‌ಎಸ್‌ಡಿಗಳಿಗೆ ಹೋದವು. ಮುಂದಿನ ಹೆಜ್ಜೆ ಹೊರಗಿನ ಜೆಬಿಒಡಿ (ಬರೀ ಡಿಸ್ಕುಗಳ) ಪೆಟ್ಟಿಗೆ: 9300-8ಇ ಕಾರ್ಡು, ಎಸ್‌ಎಫ್‌ಎಫ್-8644 ಕೇಬಲ್, ಒಳಗೆ ಎಕ್ಸ್‌ಪ್ಯಾಂಡರ್ (ಕೆಲವೇ ಪೋರ್ಟಿನಿಂದ ಹಲವು ಡಿಸ್ಕ್ ಜೋಡಿಸುವ ಭಾಗ), ಆರು ಡಿಸ್ಕಿನ ಎರಡನೇ ರೇಡ್‌ಜೆಡ್2 ಗುಂಪು. ಇದು ಆ್ಯಡ್. ಹಳೆಯ ದತ್ತಾಂಶ ತಾನಾಗಿ ಆ ಕಡೆ ಹರಿಯುವುದಿಲ್ಲ, ಹೊಸ ಬರಹ ಹೆಚ್ಚಾಗಿ ಖಾಲಿ ಗುಂಪಿಗೇ ಹೋಗುತ್ತದೆ. ಎರಡು ಪೆಟ್ಟಿಗೆಯೂ ಒಂದೇ ಯುಪಿಎಸ್‌ನಲ್ಲಿರಬೇಕು. ಒಂದರ ಕರೆಂಟ್ ಹೋದರೆ ಪೂಲ್ ಅಲ್ಲೇ ಸ್ಥಗಿತ. ಹೊತ್ತಿಸುವಾಗ ಜೆಬಿಒಡಿ ಮೊದಲು, ಡಿಸ್ಕುಗಳು ತಿರುಗಿದ ಮೇಲೆ ಸರ್ವರ್; ಆರಿಸುವಾಗ ಉಲ್ಟಾ. ಕರೆಂಟ್ ಬಂದ ಕೂಡಲೇ ತಾನೇ ಹೊತ್ತಿಕೊಳ್ಳುವ ಬಯಾಸ್ ಆಯ್ಕೆಯನ್ನು ಸರ್ವರಿನಲ್ಲಿ ಬಂದ್ ಮಾಡಿದ್ದೇನೆ. ಯುಪಿಎಸ್ ಬ್ಯಾಟರಿ ಮುಗಿಯುತ್ತಾ ಬಂದಾಗ ಯುಪಿಎಸ್ ಮೇಲೆ ಕಣ್ಣಿಡುವ ನಟ್ ತಂತ್ರಾಂಶ ಸರ್ವರನ್ನು ಆರಿಸುತ್ತದೆ, ಬೆಳಿಗ್ಗೆ ಬಂದವರು ಜೆಬಿಒಡಿಯ ದೀಪಗಳು ನೆಲೆ ನಿಂತ ಮೇಲೆ ಸರ್ವರಿನ ಗುಂಡಿ ಒತ್ತುತ್ತಾರೆ.