ನೆರೆಮನೆಯ ಮಗು ಹಿಂಸೆಗೊಳಗಾಗಿದೆ ಎನಿಸಿದರೆ: ದೂರು ಕೊಡುವುದು ಹೇಗೆ, ಮಗುವನ್ನು ಹೆತ್ತವರಿಂದ ಬೇರ್ಪಡಿಸುವುದು ಯಾವಾಗ

ಪಕ್ಕದ ಮನೆಯಿಂದ ಮಗುವಿನ ಚೀರಾಟ ದಿನವೂ ಕೇಳಿಬರುತ್ತಿದ್ದರೂ ಹಲವರು ಫೋನ್ ಕೈಗೆತ್ತಿಕೊಳ್ಳುವುದಿಲ್ಲ. ದೂರು ಕೊಟ್ಟರೆ ಮಗುವನ್ನು ಬಾಲಮಂದಿರಕ್ಕೆ ಸೇರಿಸಿಬಿಡುತ್ತಾರೆ, ಸಂಸಾರ ಒಡೆದ ಪಾಪ ನಮಗೇಕೆ ಎಂಬ ಅಳುಕೇ ಇದಕ್ಕೆ ಮುಖ್ಯ ಕಾರಣ. ಆದರೆ ದೂರು ಕೊಡುವುದು ಬೇರೆ, ಮಗುವನ್ನು ಮನೆಯಿಂದ ಹೊರಗಿಡುವ ತೀರ್ಮಾನ ಬೇರೆ. ಮೊದಲನೆಯದು ನಿಮ್ಮ ಕೆಲಸ. ಎರಡನೆಯದು ಪ್ರತಿ ಜಿಲ್ಲೆಯಲ್ಲಿರುವ ಮಕ್ಕಳ ಕಲ್ಯಾಣ ಸಮಿತಿಯದು.

ಕಂಡದ್ದನ್ನು ದಿನಾಂಕದೊಂದಿಗೆ ಬರೆದಿಡಿ: ಬಾಸುಂಡೆ, ಸುಟ್ಟ ಗಾಯ, ಊಟ ಕೊಡದೆ ಕೂಡಿಹಾಕಿದ್ದು, ಶಾಲೆ ತಪ್ಪಿಸಿದ್ದು. ಮಗು ತಾನಾಗಿ ಏನಾದರೂ ಹೇಳಿದರೆ ಅದರ ಮಾತುಗಳಲ್ಲಿಯೇ ಬರೆದುಕೊಳ್ಳಿ. ಕೆದಕಿ ಕೆದಕಿ ಪ್ರಶ್ನಿಸಬೇಡಿ, ಮೊಬೈಲ್‌ನಲ್ಲಿ ಹೇಳಿಕೆ ಚಿತ್ರಿಸಿಕೊಳ್ಳಲೂ ಹೋಗಬೇಡಿ. ಅನಂತರ ಮಕ್ಕಳ ಸಹಾಯವಾಣಿ 1098ಕ್ಕೆ ಕರೆ ಮಾಡಿ. ಪ್ರಾಣಾಪಾಯವಿದ್ದರೆ 112ಕ್ಕೆ ಕರೆ ಮಾಡಿ.

ಲೈಂಗಿಕ ದೌರ್ಜನ್ಯದ ವಿಷಯದಲ್ಲಿ ಸುಮ್ಮನಿರುವ ಆಯ್ಕೆಯೇ ನಿಮಗಿಲ್ಲ. ಮಕ್ಕಳನ್ನು ಲೈಂಗಿಕ ಅಪರಾಧಗಳಿಂದ ರಕ್ಷಿಸುವ 2012ರ ಪೋಕ್ಸೊ ಕಾಯ್ದೆಯ 19ನೇ ಕಲಮಿನ ಪ್ರಕಾರ ವಿಷಯ ತಿಳಿದವರು ಪೊಲೀಸರಿಗೆ ತಿಳಿಸಲೇಬೇಕು; ತಿಳಿಸದಿದ್ದರೆ ಆರು ತಿಂಗಳವರೆಗೆ ಸೆರೆವಾಸ ಅಥವಾ ದಂಡ ವಿಧಿಸಬಹುದು. ಸದುದ್ದೇಶದಿಂದ ಮಾಹಿತಿ ಕೊಟ್ಟವರಿಗೆ ಅದೇ ಕಲಮು ರಕ್ಷಣೆಯನ್ನೂ ನೀಡುತ್ತದೆ. ಮಗುವಿನ ಹೇಳಿಕೆಯನ್ನು ಪೊಲೀಸರು ಸಮವಸ್ತ್ರವಿಲ್ಲದೆ, ಮಗುವಿನ ಮನೆಯಲ್ಲಿ ಅಥವಾ ಮಗು ಬಯಸಿದ ಜಾಗದಲ್ಲಿ ಪಡೆಯಬೇಕು. ಮಗುವನ್ನು ರಾತ್ರಿ ಠಾಣೆಯಲ್ಲಿ ಇರಿಸಿಕೊಳ್ಳುವಂತಿಲ್ಲ.

ಆರೋಪಿ ಮನೆಯವನೇ ಆಗಿದ್ದಾಗ ಪ್ರಶ್ನೆ ಬಿಗಿಯಾಗುತ್ತದೆ. 2020ರ ಪೋಕ್ಸೊ ನಿಯಮಗಳ ಪ್ರಕಾರ, ಒಂದೇ ಸೂರಿನಡಿ ಇರುವವನಿಂದ ದೌರ್ಜನ್ಯ ನಡೆದಿದೆ ಅಥವಾ ನಡೆಯಬಹುದು ಎಂಬ ಸಕಾರಣ ಶಂಕೆಯಿದ್ದರೆ, ಪೊಲೀಸರು 24 ಗಂಟೆಯೊಳಗೆ ಮಗುವನ್ನು ಸಮಿತಿಯ ಮುಂದೆ ಹಾಜರುಪಡಿಸಬೇಕು, ಮತ್ತು ಸಮಿತಿಯು ಮಗುವನ್ನು ಆ ಮನೆಯಿಂದ ಹೊರಗಿಡಬೇಕೇ ಎಂಬುದನ್ನು ಮೂರು ದಿನಗಳೊಳಗೆ ನಿರ್ಧರಿಸಬೇಕು. ಹೀಗೆ ನಿರ್ಧರಿಸುವಾಗ ಮಗುವಿನ ಇಚ್ಛೆ, ವಯಸ್ಸು, ಆರೋಗ್ಯ, ಮನೆಯಲ್ಲಿ ಹಿಂದೆ ನಡೆದಿರಬಹುದಾದ ಹಿಂಸೆ, ಉಳಿದವರು ಆಸರೆಯಾಗಬಲ್ಲರೇ ಎಂಬುದನ್ನೆಲ್ಲ ತೂಗಿನೋಡಬೇಕು. ತಾಯಿ ಮಗುವಿನ ಪರವಾಗಿ ಗಟ್ಟಿಯಾಗಿ ನಿಂತಿದ್ದು ಆರೋಪಿ ಮನೆಯಲ್ಲಿಲ್ಲದಿದ್ದರೆ, ಮಗುವನ್ನು ಅವಳಿಂದ ಕೀಳುವುದರಲ್ಲಿ ಅರ್ಥವಿಲ್ಲ ಎಂಬುದು ನನ್ನ ಅಭಿಪ್ರಾಯ. ನಿಯಮದ ಒಲವೂ ಅತ್ತಲೇ ಇದೆ.

ಹೊಡೆತ, ನಿರ್ಲಕ್ಷ್ಯ, ದುಡಿಸಿಕೊಳ್ಳುವಿಕೆಯಂಥ ಪ್ರಕರಣಗಳಿಗೆ 2015ರ ಬಾಲನ್ಯಾಯ ಕಾಯ್ದೆ ಅನ್ವಯಿಸುತ್ತದೆ. ಮಗುವಿನ ಹೊಣೆ ಹೊತ್ತವರು ಅದನ್ನು ಹಿಂಸಿಸಿದರೆ 75ನೇ ಕಲಮಿನಡಿ ಮೂರು ವರ್ಷದವರೆಗೆ ಸೆರೆವಾಸ, ಒಂದು ಲಕ್ಷ ರೂಪಾಯಿ ದಂಡ ಅಥವಾ ಎರಡನ್ನೂ ವಿಧಿಸಬಹುದು. ಹೆತ್ತವರೂ ಇದಕ್ಕೆ ಹೊರತಲ್ಲ. ರಕ್ಷಿಸಲಾದ ಮಗುವನ್ನು ಪ್ರಯಾಣದ ಸಮಯ ಬಿಟ್ಟು 24 ಗಂಟೆಯೊಳಗೆ ಸಮಿತಿಯ ಮುಂದೆ ತರಬೇಕು. ಪೊಲೀಸರಷ್ಟೇ ಅಲ್ಲ, ವೈದ್ಯರು, ಸಮಾಜ ಕಾರ್ಯಕರ್ತರು, ಕಾಳಜಿಯುಳ್ಳ ನಾಗರಿಕರು ಕರೆತರಬಹುದು; ಮಗು ತಾನೇ ಹೋಗಿ ನಿಲ್ಲಲೂಬಹುದು. ಅಂದು ಸಮಿತಿ ಸೇರಿರದಿದ್ದರೆ ಒಬ್ಬ ಸದಸ್ಯರ ಮುಂದೆ ಹಾಜರುಪಡಿಸಿದರೂ ಸಾಕು.

ಅಲ್ಲಿಂದ ಸಾಮಾಜಿಕ ತನಿಖೆ ಆರಂಭವಾಗುತ್ತದೆ. ಮನೆ, ಶಾಲೆ, ನೆರೆಹೊರೆಯಲ್ಲಿ ವಿಚಾರಿಸಿ 15 ದಿನಗಳೊಳಗೆ ವರದಿ ಕೊಡಬೇಕು. ಮೊದಲ ಹಾಜರಿಯಿಂದ ನಾಲ್ಕು ತಿಂಗಳೊಳಗೆ ಅಂತಿಮ ಆದೇಶ ಬರಬೇಕು. ಆ ಆದೇಶ ಬಾಲಮಂದಿರವೇ ಆಗಬೇಕೆಂದಿಲ್ಲ: ಮೇಲ್ವಿಚಾರಣೆಯ ಷರತ್ತಿನೊಂದಿಗೆ ಹೆತ್ತವರಿಗೇ ಒಪ್ಪಿಸಬಹುದು, ಯೋಗ್ಯರೆಂದು ಕಂಡ ಅಜ್ಜಿ ಅಥವಾ ಚಿಕ್ಕಮ್ಮನ ಬಳಿ ಬಿಡಬಹುದು, ಸಾಕು ಕುಟುಂಬಕ್ಕೆ ಕೊಡಬಹುದು. ಸಂಸ್ಥೆಯಲ್ಲಿ ಇರಿಸುವುದು ಕೊನೆಯ ದಾರಿಯೆಂದು ಕಾಯ್ದೆಯ 3ನೇ ಕಲಮೇ ಹೇಳುತ್ತದೆ. ವಿಧವೆ ತಾಯಿ ಅಥವಾ ಕಾಯಿಲೆ ಬಿದ್ದ ತಂದೆ ಸಾಕಲಾಗದೆ ಸೋತಿದ್ದರೆ ಅದು ಕ್ರೌರ್ಯವಲ್ಲ. ಅಂಥ ಕುಟುಂಬಗಳಿಗೆ ಕೇಂದ್ರದ ಮಕ್ಕಳ ರಕ್ಷಣಾ ಯೋಜನೆಯಾದ ಮಿಷನ್ ವಾತ್ಸಲ್ಯದಡಿ ತಿಂಗಳಿಗೆ 4,000 ರೂಪಾಯಿ ಪ್ರಾಯೋಜಕತ್ವದ ನೆರವಿದೆ. ಅರ್ಹತೆಯನ್ನು ಜಿಲ್ಲಾ ಮಕ್ಕಳ ರಕ್ಷಣಾ ಘಟಕದಲ್ಲಿ ವಿಚಾರಿಸಬೇಕು.

ಆದೇಶ ಒಪ್ಪಿಗೆಯಾಗದ ಹೆತ್ತವರು 30 ದಿನಗಳೊಳಗೆ ಮಕ್ಕಳ ನ್ಯಾಯಾಲಯಕ್ಕೆ ಮೇಲ್ಮನವಿ ಸಲ್ಲಿಸಬಹುದು. ಇತ್ತ ದೂರು ಕೊಟ್ಟವರು ಮಗುವಿನ ಹೆಸರು, ಶಾಲೆ, ಫೋಟೊಗಳನ್ನು ಬಡಾವಣೆಯ ವಾಟ್ಸ್ಆ್ಯಪ್ ಗುಂಪಿಗೆ ಹಾಕಬಾರದು. ಮಾಧ್ಯಮದಲ್ಲಿ ಮಗುವಿನ ಗುರುತು ಬಯಲು ಮಾಡುವುದನ್ನು ಎರಡೂ ಕಾಯ್ದೆಗಳು ಅಪರಾಧವೆನ್ನುತ್ತವೆ.