ಒಳಚರಂಡಿ ಶುಲ್ಕ ನಿಗದಿ ಮಾಡುವುದು ಹೇಗೆ? ಮನೆಗೆಷ್ಟು, ವ್ಯಾಪಾರಕ್ಕೆಷ್ಟು?

ನಗರಗಳ ಒಳಚರಂಡಿ ಶುಲ್ಕ ಪರಿಷ್ಕರಿಸುವ ಸಭೆಗಳಲ್ಲಿ ಹಲವು ವರ್ಷ ಕುಳಿತು, ಕಡತದ ಲೆಕ್ಕಗಳನ್ನು ತಿದ್ದಿಕೊಟ್ಟ ಅನುಭವದಿಂದ ಇದನ್ನು ಬರೆಯುತ್ತಿದ್ದೇನೆ. ಹೆಚ್ಚಿನ ಕಡೆ ನಡೆಯುವುದು ಇಷ್ಟೇ: ಹಳೆಯ ದರಪಟ್ಟಿಯನ್ನು ಮುಂದಿಟ್ಟುಕೊಂಡು ಪ್ರತಿ ಸಾಲಿಗೂ ಶೇಕಡಾ ಹತ್ತೋ ಹದಿನೈದೋ ಏರಿಸುತ್ತಾರೆ, ವಾಣಿಜ್ಯ ಸಂಪರ್ಕಕ್ಕೆ ಮನೆಯ ದರದ ಎರಡರಷ್ಟು ಎಂದು ಬರೆಯುತ್ತಾರೆ, ಮಂಜೂರಾತಿಗೆ ಕಳುಹಿಸುತ್ತಾರೆ. ಆ ಎರಡರಷ್ಟು ಎಂಬುದು ಎಲ್ಲಿಂದ ಬಂತು ಎಂದು ಕೇಳಿದರೆ ಮೊದಲಿನಿಂದಲೂ ಹಾಗೆಯೇ ಇದೆ ಎಂಬ ಉತ್ತರ ಬರುತ್ತದೆ. ಬಟ್ಟೆ ಅಂಗಡಿಯಿಂದ ಹೊರಬರುವ ಕೊಳಚೆ ನೀರು ಮನೆಯದಕ್ಕಿಂತ ತಿಳಿಯಾಗಿರುತ್ತದೆ. ದೊಡ್ಡ ಹೋಟೆಲಿನ ಅಡುಗೆಮನೆಯದು ಮನೆಯದಕ್ಕಿಂತ ನಾಲ್ಕು ಪಟ್ಟು ಗಟ್ಟಿ ಇರಬಹುದು. ಇಬ್ಬರನ್ನೂ ‘ವಾಣಿಜ್ಯ’ ಎಂಬ ಒಂದೇ ಸಾಲಿಗೆ ಹಾಕಿದರೆ ಹೋಟೆಲಿನ ಪಾಲನ್ನು ಅಂಗಡಿಯವರು ಕಟ್ಟುತ್ತಾರೆ. ಚರಂಡಿಗೆ ಎಷ್ಟು ಬಿಟ್ಟರು, ಎಂಥದ್ದನ್ನು ಬಿಟ್ಟರು ಎಂಬ ಎರಡು ಪ್ರಶ್ನೆಗಳಿಗೆ ಉತ್ತರ ಕಂಡುಕೊಂಡ ಮೇಲೆಯೇ ದರ ಬರೆಯಬೇಕು.

ಹಂತ 1: ವರ್ಷಕ್ಕೆ ಬೇಕಾಗುವ ಹಣ

ಸಿಬ್ಬಂದಿ ವೇತನ, ವಿದ್ಯುತ್, ರಾಸಾಯನಿಕ, ಕೆಸರು ಸಾಗಣೆ, ದುರಸ್ತಿ, ಸಾಲದ ಅಸಲು ಮತ್ತು ಬಡ್ಡಿ, ಹಳೆಯ ಕೊಳವೆ ಬದಲಿಸುವ ನಿಧಿ, ಕೆಲವು ತಿಂಗಳ ನಿರ್ವಹಣೆಗೆ ಸಾಲುವಷ್ಟು ಕೈಗಾಸು, ಇಷ್ಟನ್ನೂ ಕೂಡಿಸಿ, ದಂಡ ಮತ್ತು ಹೊಸ ಸಂಪರ್ಕ ಶುಲ್ಕದಿಂದ ಬರುವ ಹಣವನ್ನು ಕಳೆಯಿರಿ. ಸವಕಳಿಯನ್ನು ದಶಕಗಳ ಹಿಂದಿನ ಖರೀದಿ ಬೆಲೆಯ ಮೇಲೆ ಹಾಕಿ ಸಮಾಧಾನಪಡಬೇಡಿ. ಆ ಮೊತ್ತದಲ್ಲಿ ಇಂದು ಅರ್ಧ ಬೀದಿಯ ಕೊಳವೆಯೂ ಬರುವುದಿಲ್ಲ. ಇಂದಿನ ಬೆಲೆಯನ್ನೇ ಹಿಡಿಯಬೇಕು.

ಹಂತ 2: ವೆಚ್ಚವನ್ನು ನಾಲ್ಕು ಭಾಗ ಮಾಡುವುದು

ಮೊದಲ ಭಾಗ ಹರಿವಿನದು: ಕೊಳವೆ ಜಾಲ, ಪಂಪ್‌ಹೌಸ್, ತೊಟ್ಟಿಗಳ ಗಾತ್ರ ಎಲ್ಲವೂ ನೀರಿನ ಪ್ರಮಾಣವನ್ನು ಅವಲಂಬಿಸಿರುತ್ತವೆ. ಎರಡನೆಯದು ಬಿಓಡಿಯದು, ಅಂದರೆ ಕೊಳಚೆಯಲ್ಲಿರುವ ಸಾವಯವ ಪದಾರ್ಥವನ್ನು ಸೂಕ್ಷ್ಮಜೀವಿಗಳು ಕರಗಿಸಲು ಬೇಕಾಗುವ ಆಮ್ಲಜನಕದ್ದು. ಗಾಳಿ ಊದುವ ಯಂತ್ರಗಳ ವಿದ್ಯುತ್ತು ಇಲ್ಲಿಗೆ ಸೇರುತ್ತದೆ ಮತ್ತು ಕೊಳಚೆ ಶುದ್ಧೀಕರಿಸುವ ಅನೇಕ ಘಟಕಗಳಲ್ಲಿ ಒಟ್ಟು ವಿದ್ಯುತ್ತಿನ ಅರ್ಧದಷ್ಟನ್ನು ಅದೊಂದೇ ನುಂಗುತ್ತದೆ. ಮೂರನೆಯದು ನೀರಿನಲ್ಲಿ ಕಲಸಿಕೊಂಡಿರುವ ಘನಕಣಗಳದು. ಕೆಸರನ್ನು ಹಿಂಡಿ, ಒಣಗಿಸಿ, ಸಾಗಿಸುವ ವೆಚ್ಚದ ಬಹುಪಾಲು ಇದರದು. ನಾಲ್ಕನೆಯದು ಗ್ರಾಹಕರದು, ಅಂದರೆ ಬಿಲ್ ಮುದ್ರಣ, ವಸೂಲಿ, ದೂರು ವಿಭಾಗ. ಈ ವಿಂಗಡಣೆಗೆ ಲೆಕ್ಕಪತ್ರ ಶಾಖೆಯವರೊಬ್ಬರನ್ನೇ ಕೂರಿಸಬೇಡಿ. ಯಾವ ಮೋಟಾರು ಯಾತಕ್ಕಾಗಿ ಓಡುತ್ತದೆ ಎಂದು ತಿಳಿದಿರುವ ಘಟಕದ ಎಂಜಿನಿಯರ್ ಪಕ್ಕದಲ್ಲಿರಲೇಬೇಕು.

ಹಂತ 3: ಬಿಲ್ ಮಾಡಬಹುದಾದ ಹರಿವು

ಮನೆಗಳ ಚರಂಡಿಗೆ ಮೀಟರ್ ಇರುವುದಿಲ್ಲವಾದ್ದರಿಂದ ನೀರಿನ ಮೀಟರನ್ನೇ ನಂಬಬೇಕು. ಬಳಸಿದ ನೀರಿನ ಶೇಕಡಾ 80ರಷ್ಟು ಚರಂಡಿಗೆ ಬರುತ್ತದೆ ಎಂಬ ಅಂದಾಜು ವಿನ್ಯಾಸಕ್ಕೆ ಸರಿಯಾದರೂ, ಬಿಲ್ಲಿಗೆ ನಾನು ಇನ್ನೊಂದು ದಾರಿಯನ್ನೇ ಸೂಚಿಸುತ್ತೇನೆ: ಗಿಡಗಳಿಗೆ ನೀರು ಹಾಯಿಸದ ತಿಂಗಳುಗಳ ಸರಾಸರಿ ಬಳಕೆಯನ್ನು ತೆಗೆದುಕೊಂಡು, ಅದನ್ನೇ ಇಡೀ ವರ್ಷದ ಚರಂಡಿ ಹರಿವಿನ ಮಿತಿಯಾಗಿ ಇಟ್ಟುಕೊಳ್ಳಿ. ಕೈತೋಟ ಇದ್ದವರಿಗೂ ಇಲ್ಲದವರಿಗೂ ಇದರಿಂದ ನ್ಯಾಯ ಸಿಗುತ್ತದೆ. ಪಾನೀಯ ತುಂಬುವ, ಐಸ್ ಮಾಡುವ, ಕೂಲಿಂಗ್ ಟವರ್ ಇಟ್ಟುಕೊಂಡ ಉದ್ದಿಮೆಗಳಲ್ಲಿ ಬಹಳಷ್ಟು ನೀರು ಚರಂಡಿಗೆ ಬರುವುದೇ ಇಲ್ಲ. ಅವರು ಪ್ರತ್ಯೇಕ ಮೀಟರ್ ಹಾಕಿಸಿ ತೋರಿಸಿದರೆ ಅಷ್ಟನ್ನು ಕಳೆಯಿರಿ, ಬಾಯಿಮಾತಿಗೆ ಕಳೆಯಬೇಡಿ. ಸ್ವಂತ ಬಾವಿ, ಕೊಳವೆಬಾವಿ, ಟ್ಯಾಂಕರ್ ನೀರು ಬಳಸುವವರದು ಇದಕ್ಕೆ ತಿರುಗುಮುರುಗು: ನಗರದ ಮೀಟರ್ ಓಡದೆಯೇ ಅವರ ನೀರು ನಗರದ ಚರಂಡಿ ಸೇರುತ್ತದೆ. ಅವರ ಪಟ್ಟಿಯನ್ನು ಬೇರೆಯಾಗಿ ಮಾಡಿ, ಬಾವಿಯ ಪಂಪಿಗೂ ಮೀಟರ್ ಕೂರಿಸಬೇಕು.

ನಾನು ಅತಿ ಹೆಚ್ಚು ಸಲ ಕಂಡ ತಪ್ಪು ಈ ಹಂತದಲ್ಲೇ ಆಗುತ್ತದೆ. ಘಟಕದ ಬಾಗಿಲಿನ ಹರಿವಿನ ಮೀಟರ್ ವರ್ಷಕ್ಕೆ 1.25 ಕೋಟಿ ಕಿಲೋಲೀಟರ್ ತೋರಿಸುತ್ತದೆ, ಗ್ರಾಹಕರ ಬಿಲ್ಲುಗಳನ್ನು ಕೂಡಿಸಿದರೆ 1 ಕೋಟಿ ಮಾತ್ರ ಆಗುತ್ತದೆ ಎಂದುಕೊಳ್ಳಿ. ನಡುವಿನ 25 ಲಕ್ಷ ಕಿಲೋಲೀಟರ್ ಬಿರುಕು ಬಿಟ್ಟ ಕೊಳವೆಗಳಿಗೆ ಒಸರಿದ ಅಂತರ್ಜಲ ಮತ್ತು ಮ್ಯಾನ್‌ಹೋಲ್ ಮುಚ್ಚಳಗಳಿಂದ ಇಳಿದ ಮಳೆನೀರು. ಅದಕ್ಕೆ ಯಾರೂ ಬಿಲ್ ಕಟ್ಟುವುದಿಲ್ಲ, ಆದರೆ ಅದನ್ನೂ ಪಂಪ್ ಮಾಡಲೇಬೇಕು. ಹರಿವಿನ ವೆಚ್ಚ 5 ಕೋಟಿ ನಾಣ್ಯವಾದರೆ (ಹಣದ ಹೆಸರು ಏನೇ ಇರಲಿ, ಇಲ್ಲಿ ನಾಣ್ಯ ಎನ್ನೋಣ), ಅದನ್ನು 1.25 ಕೋಟಿಯಿಂದ ಭಾಗಿಸಿದವರಿಗೆ ಕಿಲೋಲೀಟರಿಗೆ 4 ನಾಣ್ಯ ಬರುತ್ತದೆ; ಬಿಲ್ ಆಗುವುದು 1 ಕೋಟಿಗೆ ಮಾತ್ರವಾದ್ದರಿಂದ ವಸೂಲಾಗುವುದು 4 ಕೋಟಿ, ಕೊರತೆ 1 ಕೋಟಿ. ನಾನು ಲೆಕ್ಕ ನೋಡಿದ ಒಂದು ನಗರದಲ್ಲಿ ಈ ತಪ್ಪು ಗೊತ್ತಾದದ್ದು ವಿದ್ಯುತ್ ಬಿಲ್ ಕಟ್ಟಲು ಹಣವಿಲ್ಲದೆ ನಿಂತಾಗ, ಒಂಬತ್ತನೆಯ ತಿಂಗಳಲ್ಲಿ. ಭಾಗಿಸಬೇಕಾದದ್ದು ಬಿಲ್ ಆಗುವ 1 ಕೋಟಿಯಿಂದ, ಆದ್ದರಿಂದ ದರ 5 ನಾಣ್ಯ. ಒಸರು ನೀರು ಎಷ್ಟಿದೆ ಎಂದು ಅಂದಾಜು ಮಾಡಲು ಮಳೆಯಿಲ್ಲದ ದಿನಗಳಲ್ಲಿ ನಡುರಾತ್ರಿ ಎರಡರಿಂದ ನಾಲ್ಕು ಗಂಟೆಯವರೆಗೆ ಹರಿವನ್ನು ಅಳೆಯಿರಿ. ಊರು ಮಲಗಿರುವಾಗ ಕೊಳವೆಯಲ್ಲಿ ಹರಿಯುವ ತಿಳಿನೀರಿನ ಬಹುಪಾಲು ಅದೇ.

ಹಂತ 4: ಕೊಳಚೆಯ ಗಟ್ಟಿತನ

ಇಲ್ಲಿ ಅವಸರ ಮಾಡಿದರೆ ಉಳಿದ ಶ್ರಮವೆಲ್ಲ ವ್ಯರ್ಥ. ಪ್ರತಿ ವರ್ಗದ ಗ್ರಾಹಕರ ಕೊಳಚೆಯಲ್ಲಿ ಒಂದು ಲೀಟರಿಗೆ ಎಷ್ಟು ಮಿಲಿಗ್ರಾಂ ಬಿಓಡಿ, ಎಷ್ಟು ಘನಕಣ ಇದೆ ಎಂದು ತಿಳಿಯಬೇಕು. ಪುಸ್ತಕದ ಕೋಷ್ಟಕದಿಂದ ಅಂಕಿಗಳನ್ನು ಎತ್ತಿ ಬರೆಯುವುದು, ಇನ್ನೊಂದು ನಗರದ ದರಪಟ್ಟಿಯನ್ನು ನಕಲು ಮಾಡುವುದು ಎಲ್ಲರಿಗೂ ಗೊತ್ತಿರುವ ಅಡ್ಡದಾರಿಗಳು. ಆ ನಗರದವರು ನೀರನ್ನು ಧಾರಾಳವಾಗಿ ಬಳಸುತ್ತಿದ್ದರೆ ಅವರ ಕೊಳಚೆ ತೆಳ್ಳಗಿರುತ್ತದೆ, ನಿಮ್ಮದು ಗಟ್ಟಿಯಾಗಿರುತ್ತದೆ. ಅವರ ಅಂಕಿ ನಿಮಗೆ ಹೊಂದುವುದಿಲ್ಲ.

ಮಾದರಿ ತೆಗೆಯುವ ವಿಧಾನವನ್ನು ಒಮ್ಮೆ ಮ್ಯಾನ್‌ಹೋಲ್ ಬಳಿ ನಿಂತು ನೋಡಬೇಕು. ಬೆಳಿಗ್ಗೆ ಹನ್ನೊಂದಕ್ಕೆ ಹೋಟೆಲಿನ ಹಿಂಭಾಗದ ಮುಚ್ಚಳ ತೆರೆದರೆ ಕಾಣುವುದು ಹೆಚ್ಚುಕಡಿಮೆ ಬರಿಯ ನೀರು. ಅದೇ ಜಾಗದಲ್ಲಿ ಮಧ್ಯಾಹ್ನದ ಊಟ ಮುಗಿದು ಪಾತ್ರೆ ತೊಳೆಯಲು ಶುರುವಾದ ಮೇಲೆ ನಿಂತರೆ, ಬೂದು ಬಣ್ಣದ ಬಿಸಿನೀರಿನ ಮೇಲೆ ಎಣ್ಣೆಯ ಪೊರೆ ಮಡಿಕೆ ಮಡಿಕೆಯಾಗಿ ಸರಿಯುತ್ತದೆ, ಅನ್ನದ ಅಗುಳುಗಳು ಕೊಳವೆಯ ಅಂಚಿಗೆ ಅಂಟಿಕೊಳ್ಳುತ್ತವೆ, ಅರ್ಧ ಗಂಟೆಯಲ್ಲಿ ಆ ಜಿಡ್ಡು ತಣ್ಣಗಾಗಿ ಬಿಳಿಯ ಪದರವಾಗಿ ಗೋಡೆಗೆ ಕೂರುತ್ತದೆ. ಈ ಎರಡರಲ್ಲಿ ಯಾವ ಬಾಟಲಿ ಪ್ರಯೋಗಾಲಯಕ್ಕೆ ಹೋಯಿತು ಎಂಬುದರ ಮೇಲೆ ದರ ನಾಲ್ಕು ಪಟ್ಟು ಬದಲಾಗಬಹುದು. ಆದ್ದರಿಂದ ಒಂದೇ ಸಲ ತುಂಬಿಸಿದ ಬಾಟಲಿಯನ್ನು ದರಕ್ಕೆ ಆಧಾರ ಮಾಡಲೇಬೇಡಿ. 24 ಗಂಟೆಯೂ ನಿಗದಿತ ಅಂತರದಲ್ಲಿ ಮಾದರಿ ತೆಗೆದು, ಹರಿವು ಹೆಚ್ಚಿದ್ದಾಗ ಹೆಚ್ಚು, ಕಡಿಮೆಯಿದ್ದಾಗ ಕಡಿಮೆ ಪ್ರಮಾಣವನ್ನು ಸೇರಿಸಿ ಮಿಶ್ರ ಮಾದರಿ ಮಾಡಬೇಕು. ರಜೆಯ ದಿನ, ಕೆಲಸದ ದಿನ ಎರಡನ್ನೂ ಒಳಗೊಳ್ಳಬೇಕು. ಬಾಟಲಿಗಳು 4 ಡಿಗ್ರಿ ಸೆಲ್ಸಿಯಸ್‌ನಷ್ಟು ತಣ್ಣಗೆ ಇರಬೇಕು, ಇಲ್ಲದಿದ್ದರೆ ದಾರಿಯಲ್ಲೇ ಸೂಕ್ಷ್ಮಜೀವಿಗಳು ಸಾವಯವ ಪದಾರ್ಥವನ್ನು ತಿಂದು ಮುಗಿಸುತ್ತವೆ. ಎಣ್ಣೆ ಜಿಡ್ಡಿನ ಪರೀಕ್ಷೆಗೆ ಮಾತ್ರ ಬೇರೆಯಾಗಿ ಗಾಜಿನ ಬಾಟಲಿಯಲ್ಲಿ ನೇರ ಮಾದರಿ ತೆಗೆಯಿರಿ. ಪ್ಲಾಸ್ಟಿಕ್ಕಿನ ಒಳಮೈಗೆ ಜಿಡ್ಡು ಅಂಟಿಕೊಂಡು ಅಂಕಿ ಕಡಿಮೆ ಬರುತ್ತದೆ.

ಬಿಓಡಿ ಪರೀಕ್ಷೆಗೆ 20 ಡಿಗ್ರಿಯಲ್ಲಿ ಐದು ದಿನ ಬೇಕು. ಜೊತೆಗೆ ಸಿಓಡಿಯನ್ನೂ, ಅಂದರೆ ಸೂಕ್ಷ್ಮಜೀವಿಗಳ ಬದಲು ರಾಸಾಯನಿಕದಿಂದ ಅಳೆಯುವ ಆಮ್ಲಜನಕದ ಅಗತ್ಯವನ್ನೂ, ಕೇಳಿ ಪಡೆಯಿರಿ. ಮನೆಯ ಕೊಳಚೆಯಲ್ಲಿ ಸಿಓಡಿಯು ಬಿಓಡಿಯ ಎರಡರಷ್ಟು ಅಥವಾ ಸ್ವಲ್ಪ ಹೆಚ್ಚು ಇರುತ್ತದೆ. ಯಾವುದೋ ಉದ್ದಿಮೆಯಲ್ಲಿ ಬಿಓಡಿ ತೀರಾ ಕಡಿಮೆ, ಸಿಓಡಿ ಬಹಳ ಹೆಚ್ಚು ಬಂದರೆ ಅದು ಶುದ್ಧತೆಯ ಗುರುತಲ್ಲ; ಕ್ಲೋರಿನ್ನೋ ಲೋಹದ ಅಂಶವೋ ಪರೀಕ್ಷೆಯ ಸೂಕ್ಷ್ಮಜೀವಿಗಳನ್ನೇ ಕೊಂದಿರಬಹುದು. ಅಂಥವರಿಗೆ ಕಡಿಮೆ ದರ ಬರೆದರೆ ವಿಷ ಬಿಡುವವರಿಗೆ ರಿಯಾಯಿತಿ ಕೊಟ್ಟಂತಾಗುತ್ತದೆ.

ಗ್ರೀಸ್ ಟ್ರ್ಯಾಪ್ (ಕೊಳಚೆ ಚರಂಡಿ ಸೇರುವ ಮುನ್ನ ಎಣ್ಣೆ ಜಿಡ್ಡನ್ನು ತಡೆದಿಡುವ ತೊಟ್ಟಿ) ಇರುವ ಹೋಟೆಲಿಗೆ ದರದಲ್ಲಿ ಇಳಿಕೆ ಕೊಡುವುದು ಒಳ್ಳೆಯದೇ, ಆದರೆ ಅದನ್ನು ನಿಯಮಿತವಾಗಿ ಎತ್ತಿ ಸ್ವಚ್ಛ ಮಾಡಿದ ದಾಖಲೆ ಇರಬೇಕು. ಟ್ರ್ಯಾಪಿಗೆ ಸುರಿದರೆ ಜಿಡ್ಡು ಮಾಯವಾಗುತ್ತದೆ ಎಂದು ಮಾರುವ ಪುಡಿ, ದ್ರಾವಣಗಳನ್ನು ನೆಚ್ಚಬೇಡಿ. ಅವುಗಳಲ್ಲಿ ಹಲವು ಜಿಡ್ಡನ್ನು ನೀರಿನಲ್ಲಿ ಕದಡಿ ಮುಂದೆ ತಳ್ಳುತ್ತವೆ ಅಷ್ಟೇ. ಮುಂದಿನ ಬೀದಿಯಲ್ಲಿ ಅದು ಮತ್ತೆ ಹೆಪ್ಪುಗಟ್ಟುತ್ತದೆ, ಕೊಳವೆ ಬಿಡಿಸುವ ಖರ್ಚು ಇಡೀ ಊರಿನ ಮೇಲೆ ಬೀಳುತ್ತದೆ.

ಅಂಕಿಗಳೆಲ್ಲ ಕೈಸೇರಿದ ಮೇಲೆ ತಾಳೆ ನೋಡುವ ಕೆಲಸವಿದೆ. ಇದನ್ನು ಬಿಟ್ಟವರೇ ಹೆಚ್ಚು. ಲೀಟರಿಗೆ 220 ಮಿಲಿಗ್ರಾಂ ಎಂದರೆ ಕಿಲೋಲೀಟರಿಗೆ 0.22 ಕಿಲೋ, ಮನೆಗಳಿಂದ 80 ಲಕ್ಷ ಕಿಲೋಲೀಟರ್ ಬಂದರೆ ಬಿಓಡಿ 17.6 ಲಕ್ಷ ಕಿಲೋ. ಘಟಕದ ಬಾಗಿಲಲ್ಲಿ ವರ್ಷಕ್ಕೆ 25 ಲಕ್ಷ ಕಿಲೋ ಅಳತೆಗೆ ಸಿಕ್ಕಿದ್ದರೆ, ಉಳಿದ 7.4 ಲಕ್ಷ ಕಿಲೋ ವ್ಯಾಪಾರ, ಉದ್ದಿಮೆಗಳ 20 ಲಕ್ಷ ಕಿಲೋಲೀಟರಿನಲ್ಲಿ ಇರಬೇಕು, ಅಂದರೆ ಅವರ ಸರಾಸರಿ 370 ಮಿಲಿಗ್ರಾಂ. ನಿಮ್ಮ ಮಾದರಿಗಳ ಸರಾಸರಿ ಇದರ ಆಸುಪಾಸಿನಲ್ಲಿದ್ದರೆ ಮುಂದುವರಿಯಿರಿ. 900 ಎಂದೋ 150 ಎಂದೋ ಬಂದಿದ್ದರೆ ಯಾವುದೋ ವರ್ಗದ ಮಾದರಿ ತಪ್ಪಿದೆ, ಇಲ್ಲವೇ ಯಾರೋ ಲೆಕ್ಕಕ್ಕೆ ಸಿಗದೆ ಬಿಡುತ್ತಿದ್ದಾರೆ. ಅಂಕಿಯನ್ನು ಕೂತಲ್ಲೇ ಸರಿಹೊಂದಿಸದೆ ಮತ್ತೆ ಮ್ಯಾನ್‌ಹೋಲಿಗೇ ಹೋಗಿ.

ಹಂತ 5: ದರ ಕಟ್ಟುವುದು

ಹರಿವಿನ ದರ ಕಿಲೋಲೀಟರಿಗೆ 5 ನಾಣ್ಯ ಎಂದು ಆಗಲೇ ಬಂದಿದೆ. ಬಿಓಡಿಯ ವೆಚ್ಚ 2.5 ಕೋಟಿಯನ್ನು 25 ಲಕ್ಷ ಕಿಲೋದಿಂದ ಭಾಗಿಸಿದರೆ ಕಿಲೋಗೆ 10 ನಾಣ್ಯ, ಘನಕಣದ 1.5 ಕೋಟಿಯನ್ನು 30 ಲಕ್ಷ ಕಿಲೋದಿಂದ ಭಾಗಿಸಿದರೆ ಕಿಲೋಗೆ 5 ನಾಣ್ಯ. ಗ್ರಾಹಕ ವೆಚ್ಚ 48 ಲಕ್ಷ, ಸಂಪರ್ಕಗಳು 40,000 ಇದ್ದರೆ ತಿಂಗಳ ಬಿಲ್ಲಿಗೆ 10 ನಾಣ್ಯ. ಇನ್ನು ಮನೆಯ ಕೊಳಚೆಯಲ್ಲಿ ಬಿಓಡಿ 220, ಘನಕಣ 260 ಮಿಲಿಗ್ರಾಂ ಇದ್ದರೆ ಕಿಲೋಲೀಟರಿಗೆ 5, 2.2 ಮತ್ತು 1.3 ಕೂಡಿ 8.5 ನಾಣ್ಯ. ತಿಂಗಳಿಗೆ 15 ಕಿಲೋಲೀಟರ್ ಬಿಡುವ ಮನೆಯ ಬಿಲ್ 127.5 ಮತ್ತು 10 ಸೇರಿ 137.5. ಬಿಓಡಿ 1000, ಘನಕಣ 600 ಇರುವ ಹೋಟೆಲಿಗೆ 5, 10, 3 ಕೂಡಿ ಕಿಲೋಲೀಟರಿಗೆ 18 ನಾಣ್ಯ. ಬಿಓಡಿ 130, ಘನಕಣ 80 ಇರುವ ಕಚೇರಿಗೆ 6.7 ಮಾತ್ರ, ಮನೆಗಿಂತಲೂ ಕಡಿಮೆ. ಹೋಟೆಲಿಗೆ ಎರಡರಷ್ಟು ಎಂಬುದು ಸಾಲಲಿಲ್ಲ, ಕಚೇರಿಗೆ ಎರಡರಷ್ಟು ಎಂಬುದು ಶುದ್ಧ ಅನ್ಯಾಯವಾಗಿತ್ತು ಎಂಬುದು ಈಗ ಕಣ್ಣಿಗೆ ಕಾಣುತ್ತದೆ.

ವರ್ಗಗಳು ಕಡಿಮೆ, ಮಧ್ಯಮ, ಹೆಚ್ಚು ಗಟ್ಟಿತನ ಎಂದು ಮೂರು ನಾಲ್ಕಿದ್ದರೆ ಸಾಕು. ಇಪ್ಪತ್ತು ವರ್ಗ ಮಾಡಿದರೆ ವರ್ಗೀಕರಣದ ಜಗಳ ಬಿಡಿಸುವುದೇ ಕೆಲಸವಾಗುತ್ತದೆ. ದೊಡ್ಡ ಕೈಗಾರಿಕೆಗಳಿಗೆ ಮಾತ್ರ ಒಂದೊಂದಕ್ಕೂ ಪ್ರತ್ಯೇಕ ಲೆಕ್ಕ ಬೇಕು. ಇಂಗ್ಲೆಂಡಿನಲ್ಲಿ ಇದಕ್ಕೆ ಬಳಸುವ ಮಾಗ್ಡನ್ ಸೂತ್ರ, ಕೈಗಾರಿಕೆಯ ಕೊಳಚೆಯ ಗಟ್ಟಿತನವನ್ನು ನಗರದ ಸರಾಸರಿ ಗಟ್ಟಿತನದಿಂದ ಭಾಗಿಸಿ, ಆ ಅನುಪಾತದಲ್ಲಿ ಶುದ್ಧೀಕರಣದ ವೆಚ್ಚವನ್ನು ಹಾಕುತ್ತದೆ. ಅಮೆರಿಕದಲ್ಲಿ 1972ರ ಶುದ್ಧ ನೀರಿನ ಕಾಯ್ದೆಯು, ಫೆಡರಲ್ ಅನುದಾನ ಪಡೆದು ಕಟ್ಟುವ ಘಟಕಗಳಲ್ಲಿ ಪ್ರತಿ ವರ್ಗದ ಬಳಕೆದಾರರೂ ನಿರ್ವಹಣೆಯ ತಮ್ಮ ಪಾಲಿನ ವೆಚ್ಚ ಭರಿಸಬೇಕೆಂಬ ಷರತ್ತು ವಿಧಿಸಿತು.

ಹಂತ 6: ಸ್ಥಿರ ಶುಲ್ಕ ಮತ್ತು ಬಡವರ ಪಾಲು

ಬಳಕೆ ಕುಸಿದ ವರ್ಷದಲ್ಲಿಯೂ ಸಾಲದ ಕಂತು ನಿಲ್ಲುವುದಿಲ್ಲ. ಹಾಗೆಂದು ಎಲ್ಲವನ್ನೂ ಸ್ಥಿರ ಶುಲ್ಕಕ್ಕೆ ತಳ್ಳಿದರೆ ಒಂಟಿಯಾಗಿರುವ ಮುದುಕಿಯೂ ಹತ್ತು ಜನರ ಮನೆಯೂ ಒಂದೇ ಹಣ ಕಟ್ಟುತ್ತಾರೆ. ಹರಿವಿನ ವೆಚ್ಚದ ಸ್ವಲ್ಪ ಭಾಗವನ್ನು, ಮುಖ್ಯವಾಗಿ ಒಸರು ನೀರಿನ ಪಾಲನ್ನು, ಸಂಪರ್ಕದ ಮೇಲೆ ಹಾಕಿ ಉಳಿದದ್ದನ್ನು ಬಳಕೆಯ ಮೇಲೆಯೇ ಬಿಡಬೇಕು ಎಂಬುದು ನನ್ನ ದೃಢವಾದ ಸಲಹೆ. ಕೈಗೆಟಕುತ್ತದೆಯೇ ಎಂದು ನೋಡುವಾಗ ಊರಿನ ನಡುಮಟ್ಟದ ಆದಾಯವನ್ನು ಹಿಡಿಯುವ ರೂಢಿಯಿದೆ. ಅಮೆರಿಕದ ಪರಿಸರ ಸಂರಕ್ಷಣಾ ಸಂಸ್ಥೆಯ 1997ರ ಮಾರ್ಗಸೂಚಿ ಅಂಥ ಆದಾಯದ ಶೇಕಡಾ 2ನ್ನು ಮೀರಿದ ಹೊರೆಯನ್ನು ಹೆಚ್ಚಿನದೆಂದು ಎಣಿಸಿತು. ನಡುಮಟ್ಟ ನೋಡಿದರೆ ಕೆಳಗಿನವರು ಮರೆಯಾಗುತ್ತಾರೆ. ಆದಾಯದಲ್ಲಿ ಅತಿ ಕೆಳಗಿನ ಐದನೇ ಒಂದು ಭಾಗದ ಮನೆಗಳ ಬಿಲ್ಲನ್ನು ಬೇರೆಯಾಗಿ ಲೆಕ್ಕ ಹಾಕಿ, ರಿಯಾಯಿತಿಯ ಹಣ ಎಲ್ಲಿಂದ ಬರುತ್ತದೆ ಎಂದು ಅದೇ ಕಡತದಲ್ಲಿ ಬರೆಯಿರಿ.

ಹಂತ 7: ಜಾರಿಗೆ ಮುನ್ನ

ಕರಡನ್ನು ಪ್ರಕಟಿಸಿ, ಆಕ್ಷೇಪಣೆಗೆ ಕಾಲಾವಕಾಶ ಕೊಡಿ, ಏರಿಕೆ ದೊಡ್ಡದಿದ್ದರೆ ಎರಡು ಮೂರು ವರ್ಷಗಳಿಗೆ ಹಂಚಿ. ಆದೇಶಕ್ಕೆ ಸಹಿ ಬೀಳುವ ಮೊದಲು ಕಳೆದ ಹನ್ನೆರಡು ತಿಂಗಳ ನಿಜವಾದ ಬಿಲ್ಲುಗಳೆಲ್ಲವಕ್ಕೂ ಹೊಸ ದರವನ್ನು ಹಾಕಿ ಕೂಡಿಸಿ ನೋಡಿ. ಮೊತ್ತವು ಮೊದಲ ಹಂತದಲ್ಲಿ ಬರೆದ ಅಗತ್ಯಕ್ಕೆ ಸರಿಹೊಂದಬೇಕು. ಜೊತೆಗೆ, ಬಿಲ್ ಅತಿ ಹೆಚ್ಚು ಏರುವ ನೂರು ಸಂಪರ್ಕಗಳ ಪಟ್ಟಿ ತೆಗೆದು ಒಂದೊಂದಾಗಿ ಪರಿಶೀಲಿಸಿ. ಆ ಪಟ್ಟಿಯಲ್ಲಿ ಹಿಟ್ಟಿನ ಗಿರಣಿಯೊಂದು ಹೋಟೆಲ್ ವರ್ಗದಲ್ಲಿ, ಶಾಲೆಯೊಂದು ಕೈಗಾರಿಕೆಯ ವರ್ಗದಲ್ಲಿ ಸೇರಿಕೊಂಡಿದ್ದನ್ನು ನಾನೇ ಹುಡುಕಿ ತೆಗೆದದ್ದಿದೆ. ಮೊದಲ ಬಿಲ್ ಮನೆಬಾಗಿಲಿಗೆ ಹೋಗುವ ಮುನ್ನ ಅಂಥವುಗಳನ್ನು ಸರಿಪಡಿಸಿ, ಪ್ರತಿ ಬಿಲ್ಲಿನ ಮೇಲೂ ಗ್ರಾಹಕರ ಹರಿವು ಎಷ್ಟು, ವರ್ಗ ಯಾವುದು, ತಪ್ಪಿದ್ದರೆ ಮಾದರಿ ಪರೀಕ್ಷೆಗೆ ಯಾರಿಗೆ ಅರ್ಜಿ ಕೊಡಬೇಕು ಎಂದು ಮುದ್ರಿಸಿ.