ಸರ್ವರ್ ಕೆಲಸದ ನಡುವೆ ‘ಮುಂದುವರಿಯಲೇ?’ ಎಂದು ಕೇಳುವುದು ಹೇಗೆ?

ಬಳಕೆದಾರರು ‘ಖಾತೆ ಅಳಿಸು’ ಬಟನ್ ಒತ್ತಿದ್ದಾರೆ. ಸರ್ವರ್ ಕೆಲಸ ಶುರು ಮಾಡಿದೆ. ಡೇಟಾಬೇಸ್ ತೆರೆದು ನೋಡಿದರೆ ಆ ಖಾತೆಯ ಹೆಸರಿನಲ್ಲಿ ಇನ್ನೂ 3 ಆರ್ಡರ್ ಬಾಕಿ. ‘ಬಾಕಿ ಇವೆ, ಆದರೂ ಅಳಿಸಲೇ?’ ಎಂದು ಈಗ ಕೇಳಬೇಕು. ಡೆಸ್ಕ್‌ಟಾಪ್ ತಂತ್ರಾಂಶದಲ್ಲಿ ಇದು ಒಂದೇ ಸಾಲಿನ ಕೆಲಸ. ಮೆಸೇಜ್ ಬಾಕ್ಸ್ ತೋರಿಸಿದರಾಯಿತು, ಉತ್ತರ ಬರುವವರೆಗೆ ಕೋಡ್ ಅಲ್ಲೇ ಕಾಯುತ್ತದೆ. ವೆಬ್‌ನಲ್ಲಿ ಹಾಗೆ ಕಾಯುವಂತಿಲ್ಲ.

ಕಲಿಯುವ ದಿನಗಳಲ್ಲಿ ನಾನು ಸರ್ವರ್ ಕೋಡ್‌ನೊಳಗೇ ಮೆಸೇಜ್ ಬಾಕ್ಸ್ ಕರೆದಿದ್ದೆ. ನನ್ನ ಕಂಪ್ಯೂಟರಿನಲ್ಲಿ ಅದು ಚೆನ್ನಾಗಿಯೇ ಮೂಡಿತು, ಏಕೆಂದರೆ ಅಲ್ಲಿ ಸರ್ವರ್ ಮತ್ತು ಬ್ರೌಸರ್ ಎರಡೂ ಒಂದೇ ಯಂತ್ರ! ನಿಜವಾದ ಸರ್ವರ್‌ಗೆ ಹಾಕಿದ ಕೂಡಲೇ ಎರರ್. ಎರರ್ ಬಂದದ್ದೇ ಪುಣ್ಯ. ಇಲ್ಲದಿದ್ದರೆ ಯಾರೂ ನೋಡದ ಕೋಣೆಯಲ್ಲಿರುವ ಯಂತ್ರವೊಂದು ಯಾರಿಗೋ ಪ್ರಶ್ನೆ ಕೇಳುತ್ತಾ ಕೂತಿರುತ್ತಿತ್ತು.

ಬ್ರೌಸರ್ ಮತ್ತು ಸರ್ವರ್ ಮಾತನಾಡಿಕೊಳ್ಳುವ ನಿಯಮವಾದ ಎಚ್‌ಟಿಟಿಪಿಯ ಲೆಕ್ಕ ಸರಳ: ಒಂದು ಕೋರಿಕೆ, ಅದಕ್ಕೊಂದು ಉತ್ತರ. ಆ ಎರಡರ ನಡುವೆ ಬಳಕೆದಾರರತ್ತ ತಿರುಗಿ ಮಾತನಾಡಲು ಜಾಗವಿಲ್ಲ. ಹಾಗಾಗಿ ಸರ್ವರ್‌ಗೆ ಏನಾದರೂ ಕೇಳುವುದಿದ್ದರೆ ಆ ಪ್ರಶ್ನೆಯನ್ನೇ ಉತ್ತರವಾಗಿ ಕಳಿಸಿ, ಆ ಕೋರಿಕೆಯನ್ನು ಅಲ್ಲಿಗೆ ಮುಗಿಸಬೇಕು. ‘ಹೌದು’ ಎಂಬುದು ಹೊಸ ಕೋರಿಕೆಯಾಗಿ ಬರುತ್ತದೆ.

ಹಂತ 1: ಸರ್ವರ್ ಕೇಳಬೇಕಾದ ಪ್ರಶ್ನೆಯೇ ಎಂದು ನೋಡಿ

‘ನಿಜವಾಗಿಯೂ ಅಳಿಸಲೇ?’ ಎಂಬಷ್ಟಕ್ಕೆ ಸರ್ವರ್‌ವರೆಗೆ ಹೋಗಬೇಕಿಲ್ಲ. ಬಟನ್ ಒತ್ತಿದಾಗ ಬ್ರೌಸರಿನಲ್ಲೇ ಒಂದು ಡೈಲಾಗ್ ತೋರಿಸಿದರೆ ಸಾಕು. ಡೇಟಾಬೇಸ್ ನೋಡದೆ ಹುಟ್ಟಲಾರದ ಪ್ರಶ್ನೆಗಳಿಗೆ ಮಾತ್ರ ಮುಂದಿನ ಹಂತಗಳು.

ಹಂತ 2: ಪರಿಶೀಲನೆ ಬೇರೆ, ಕಾರ್ಯ ಬೇರೆ ಮಾಡಿ

ಕೋಡ್ ಅನ್ನು ಎರಡಾಗಿ ಸೀಳಿ. ಮೊದಲ ಭಾಗ ಬರೀ ಓದುತ್ತದೆ, ಏನನ್ನೂ ಬದಲಿಸುವುದಿಲ್ಲ. ತೊಡಕುಗಳ ಪಟ್ಟಿಯನ್ನಷ್ಟೇ ಕೊಡುತ್ತದೆ. ಬದಲಾವಣೆಯೆಲ್ಲ ಎರಡನೆಯ ಭಾಗದಲ್ಲಿ. ಡೇಟಾಬೇಸ್ ಟ್ರಾನ್ಸಾಕ್ಷನ್ (ಎಲ್ಲವೂ ಆಗಬೇಕು, ಇಲ್ಲವೇ ಏನೂ ಆಗಬಾರದು ಎಂಬ ಬದಲಾವಣೆಗಳ ಗುಂಪು) ತೆರೆದಿಟ್ಟುಕೊಂಡು ಉತ್ತರಕ್ಕೆ ಕಾಯುವ ಆಸೆ ಮಾತ್ರ ಬೇಡ. ಪ್ರಶ್ನೆ ನೋಡಿದವರು ಊಟಕ್ಕೆ ಎದ್ದು ಹೋದರೆ, ಅದು ಮುಟ್ಟಿದ ಸಾಲುಗಳ ಮೇಲಿನ ಬೀಗ ಹಾಗೇ ಉಳಿದು ಬೇರೆಯವರ ಕೆಲಸವೂ ನಿಲ್ಲುತ್ತದೆ.

ಹಂತ 3: ಪ್ರಶ್ನೆಯನ್ನು ಉತ್ತರವಾಗಿ ಕಳಿಸಿ

ಎಪಿಐ (ಪುಟದ ಬದಲು ಬರೀ ಡೇಟಾ ಕೊಡುವ, ಪ್ರೋಗ್ರಾಂಗಳು ಕರೆಯುವ ದಾರಿ) ಆಗಿದ್ದರೆ, ಎಚ್‌ಟಿಟಿಪಿ ಉತ್ತರದ ಜತೆ ಹೋಗುವ ಸ್ಥಿತಿ ಸಂಕೇತಗಳಲ್ಲಿ ನನ್ನ ಆಯ್ಕೆ 409. ಸದ್ಯದ ಸ್ಥಿತಿಗೂ ಕೋರಿಕೆಗೂ ಘರ್ಷಣೆಯಿದೆ, ಬಳಕೆದಾರರು ಅದನ್ನು ಬಗೆಹರಿಸಿ ಮತ್ತೆ ಕಳಿಸಬಹುದು ಎಂಬುದೇ ಅದರ ಅರ್ಥ. ಕೆಲವರು 428 ಬಳಸುತ್ತಾರೆ. ಅದು 2012ರಲ್ಲಿ ಸೇರಿದ್ದು ಬೇರೆಯೇ ಉದ್ದೇಶಕ್ಕೆ, ‘ನೀವು ನೋಡಿದ ಆವೃತ್ತಿ ಯಾವುದೆಂದು ಹೇಳಿ ಕಳಿಸಿ’ ಎನ್ನಲು. ಉತ್ತರದ ಒಳಗೆ ತೊಡಕಿನ ಗುರುತು, ಮನುಷ್ಯರು ಓದುವ ವಾಕ್ಯ ಮತ್ತು ಒಂದು ಟೋಕನ್ (ಈ ಪ್ರಶ್ನೆಯನ್ನು ಗುರುತಿಸುವ, ‘ಹೌದು’ ಜತೆ ಮರಳಿ ಬರುವ ಚೀಟಿ) ಇರಲಿ.

ಸ್ಕ್ರಿಪ್ಟ್ ಇಲ್ಲದ ಸಾದಾ ಪುಟವಾದರೆ, ಮೊದಲು ತುಂಬಿದ್ದ ವಿವರಗಳನ್ನೆಲ್ಲ ಹೊತ್ತ ದೃಢೀಕರಣದ ಫಾರಂ ತೋರಿಸಿ. ಇಲ್ಲಿ ಎಲ್ಲರೂ ಎಡವುವುದು ಫೈಲ್ ಅಪ್‌ಲೋಡ್ ವಿಷಯದಲ್ಲಿ. ಆಯ್ಕೆ ಮಾಡಿದ್ದ ಫೈಲನ್ನು ಸರ್ವರ್ ಮತ್ತೆ ಫಾರಂನಲ್ಲಿ ತುಂಬಿ ಕೊಡಲು ಬ್ರೌಸರ್ ಬಿಡುವುದಿಲ್ಲ. ಬಂದ ಫೈಲನ್ನು ತಾತ್ಕಾಲಿಕವಾಗಿ ಸರ್ವರಿನಲ್ಲೇ ಇಟ್ಟುಕೊಂಡು ಅದರ ಗುರುತನ್ನು ಮಾತ್ರ ಫಾರಂನಲ್ಲಿಡಿ.

ಹಂತ 4: ಯಾವ ಪ್ರಶ್ನೆಗೆ ‘ಹೌದು’ ಎಂದರು?

ಹೆಚ್ಚಿನವರು ಫಾರಂನಲ್ಲಿ ‘ದೃಢೀಕರಿಸಲಾಗಿದೆ’ ಎಂಬ ಅಡಗಿದ ಕಾಲಂ ಇಟ್ಟು ಕೈತೊಳೆದುಕೊಳ್ಳುತ್ತಾರೆ. ಅದನ್ನು ಯಾರು ಬೇಕಾದರೂ ಮೊದಲ ಕೋರಿಕೆಯಲ್ಲೇ ಸೇರಿಸಿ ಕಳಿಸಬಹುದು. ಅದಕ್ಕಿಂತ ದೊಡ್ಡ ಹುಳುಕು ಬೇರೆ ಇದೆ. ಬಳಕೆದಾರರು ‘3 ಆರ್ಡರ್ ಬಾಕಿ’ ಎಂಬುದನ್ನು ಓದಿ ‘ಹೌದು’ ಒತ್ತುವಷ್ಟರಲ್ಲಿ ಇನ್ನೆರಡು ಆರ್ಡರ್ ಸೇರಿರಬಹುದು. ಅವರು ಒಪ್ಪಿದ್ದು ಮೂರಕ್ಕೆ, ಐದಕ್ಕಲ್ಲ. ಬರೀ ‘ಹೌದು’ ಎಂಬುದರಲ್ಲಿ ಈ ವ್ಯತ್ಯಾಸ ಕಾಣುವುದೇ ಇಲ್ಲ.

ಟೋಕನ್ ಬೇಕಾಗುವುದು ಇದಕ್ಕೆ. ಕೇಳಿದ್ದು ಯಾರನ್ನು, ಯಾವ ಖಾತೆಯ ಬಗ್ಗೆ, ಯಾವ ತೊಡಕು ತೋರಿಸಿ, ಎಷ್ಟು ಹೊತ್ತಿಗೆ ಎಂಬ ನಾಲ್ಕನ್ನೂ ಅದಕ್ಕೆ ಕಟ್ಟಿಹಾಕಿ. ಆ ವಿವರಗಳನ್ನು ಸರ್ವರಿನಲ್ಲೇ ಉಳಿಸಿ ಬರೀ ಗುರುತಿನ ಸಂಖ್ಯೆ ಕಳಿಸಬಹುದು, ಇಲ್ಲವೇ ರಹಸ್ಯ ಕೀಲಿಯಿಂದ ಸಹಿ ಮಾಡಿ ಇಡೀ ವಿವರವನ್ನೇ ಕಳಿಸಬಹುದು. ಟೋಕನ್‌ಗೆ ಹತ್ತು ನಿಮಿಷದಂತೆ ಆಯುಷ್ಯವೊಂದನ್ನು ಕೊಡಿ.

‘ಹೌದು’ ಬಂದಾಗ ಪರಿಶೀಲನೆಯನ್ನು ಮೊದಲಿನಿಂದ ಮತ್ತೆ ಓಡಿಸಿ. ಈಗ ಸಿಕ್ಕ ತೊಡಕುಗಳೂ ಟೋಕನ್‌ನಲ್ಲಿರುವ ತೊಡಕುಗಳೂ ಒಂದೇ ಆಗಿದ್ದರೆ ಮುಂದುವರಿಯಿರಿ. ಬೇರೆಯಾಗಿದ್ದರೆ ಹೊಸ ಪ್ರಶ್ನೆ, ಹೊಸ ಟೋಕನ್. ಅದೇ ಕೆಲಸ ಎರಡು ಸಲವೇ ಎಂದು ಗೊಣಗುವವರಿದ್ದಾರೆ. ಆ ಒಂದು ಹೆಚ್ಚಿನ ಕ್ವೆರಿಯ ಖರ್ಚು, ತಪ್ಪಾಗಿ ಅಳಿಸಿದ ಖಾತೆಯನ್ನು ಬ್ಯಾಕಪ್‌ನಿಂದ ಹುಡುಕಿ ತೆಗೆಯುವ ರಾತ್ರಿಗಿಂತ ತುಂಬಾ ಅಗ್ಗ.

ಹಂತ 5: ಒಮ್ಮೆ ಮಾತ್ರ ಮಾಡಿ

ಈ ಎರಡನೇ ಸುತ್ತಿನ ಪರಿಶೀಲನೆ ಮತ್ತು ಅಳಿಸುವಿಕೆ ಒಂದೇ ಟ್ರಾನ್ಸಾಕ್ಷನ್‌ನಲ್ಲಿರಲಿ, ಸಂಬಂಧಪಟ್ಟ ಸಾಲುಗಳಿಗೆ ಬೀಗ ಹಾಕಿಯೇ ಓದಿ. ಟೋಕನ್ ಬಳಕೆಯಾಯಿತು ಎಂದು ಅಲ್ಲೇ ಗುರುತು ಮಾಡಿ. ಯಾರಾದರೂ ಬಟನ್ನನ್ನು ಎರಡು ಸಲ ಒತ್ತಿದರೆ, ಅದೇ ಟೋಕನ್‌ನ ಎರಡನೇ ಕೋರಿಕೆಗೆ ಮೊದಲಿನ ಫಲಿತಾಂಶವನ್ನೇ ಕೊಡಿ. ಮುಗಿದ ಮೇಲೆ 303 (‘ಬೇರೆ ಪುಟ ನೋಡಿ’ ಎನ್ನುವ ಸಂಕೇತ) ಮೂಲಕ ಫಲಿತಾಂಶದ ಪುಟಕ್ಕೆ ಕಳಿಸಿದರೆ ರಿಫ್ರೆಶ್ ಮಾಡಿದಾಗ ಫಾರಂ ಮತ್ತೆ ಹೋಗುವುದಿಲ್ಲ.

‘ಹೌದು’ ಎಂಬುದು ಪೋಸ್ಟ್ (ಫಾರಂ ಸಲ್ಲಿಸುವ ಬಗೆಯ) ಕೋರಿಕೆಯಾಗಿಯೇ ಬರಬೇಕು, ಬರೀ ಲಿಂಕ್ ಆಗಬಾರದು. 2005ರಲ್ಲಿ ಗೂಗಲ್ ಹೊರತಂದ ವೆಬ್ ಆಕ್ಸಿಲರೇಟರ್, ಪುಟಗಳು ಬೇಗ ತೆರೆಯಲೆಂದು ಲಿಂಕ್‌ಗಳನ್ನು ಮುಂಚಿತವಾಗಿಯೇ ತೆರೆದು ತರುತ್ತಿತ್ತು. ‘ಅಳಿಸು’ ಎಂಬುದನ್ನು ಲಿಂಕ್ ಮಾಡಿಟ್ಟಿದ್ದ ಅಪ್ಲಿಕೇಷನ್‌ಗಳಲ್ಲಿ ಯಾರೂ ಒತ್ತದೆಯೇ ಮಾಹಿತಿ ಅಳಿಸಿಹೋಯಿತು. ಇಮೇಲ್‌ನಲ್ಲಿ ಕಳಿಸುವ ದೃಢೀಕರಣ ಲಿಂಕ್‌ಗೂ ಈ ಅಪಾಯ ಇಂದಿಗೂ ಇದೆ, ಭದ್ರತಾ ತಪಾಸಣೆಯ ತಂತ್ರಾಂಶಗಳು ಅವನ್ನು ಮೊದಲೇ ತೆರೆದು ನೋಡುತ್ತವೆ. ಲಿಂಕ್ ಒಂದು ಪುಟವನ್ನಷ್ಟೇ ತೆರೆಯಲಿ, ಬಟನ್ ಆ ಪುಟದೊಳಗಿರಲಿ.

ಹಂತ 6: ದೀರ್ಘ ಕೆಲಸಗಳಿಗೆ ಬೇರೆ ದಾರಿ

40,000 ಸಾಲುಗಳ ಪಟ್ಟಿಯನ್ನು ಆಮದು ಮಾಡುವಾಗ 12,000ನೇ ಸಾಲಿನಲ್ಲಿ ನಿಂತು ಪ್ರಶ್ನೆ ಕೇಳುವುದು ಕ್ರೌರ್ಯ. ಮೊದಲೊಮ್ಮೆ ಇಡೀ ಪಟ್ಟಿಯನ್ನು ಒಣ ಓಟದಲ್ಲಿ, ಅಂದರೆ ಏನನ್ನೂ ಬದಲಿಸದೆ, ಓದಿ, ತೊಡಕುಗಳನ್ನೆಲ್ಲ ಒಟ್ಟು ಮಾಡಿ ಒಂದೇ ಸಲ ಕೇಳಿ. ನಡುವೆಯೇ ಕೇಳದೆ ಗತ್ಯಂತರವಿಲ್ಲ ಎಂದಾದರೆ, ‘ಒಪ್ಪಿಗೆಗೆ ಕಾಯುತ್ತಿದೆ’ ಎಂಬ ಸ್ಥಿತಿಯನ್ನು ಎಲ್ಲಿಯವರೆಗೆ ಬಂದಿದ್ದೇವೆ ಎಂಬುದರ ಜತೆ ಡೇಟಾಬೇಸ್‌ನಲ್ಲಿ ಬರೆದು ಆ ಪ್ರಕ್ರಿಯೆಯನ್ನು ಮುಗಿಸಿಬಿಡಿ. ಉತ್ತರ ಬಂದ ಮೇಲೆ ಉಳಿದದ್ದನ್ನು ಹೊಸ ಕೆಲಸವಾಗಿ ಸರದಿಗೆ ಹಾಕಿ. ವೆಬ್‌ಸಾಕೆಟ್ (ಸರ್ವರ್ ತಾನಾಗಿಯೇ ಬ್ರೌಸರಿಗೆ ಸಂದೇಶ ಕಳಿಸಬಲ್ಲ, ತೆರೆದೇ ಇರುವ ಸಂಪರ್ಕ) ಇದ್ದರೆ ಪ್ರಶ್ನೆ ಬೇಗ ಮುಟ್ಟುತ್ತದೆ, ನಿಜ. ಆದರೆ ಟ್ಯಾಬ್ ಮುಚ್ಚಿದವರಿಗೂ ಆ ಪ್ರಶ್ನೆ ನಾಳೆ ಸಿಗುವಂತಿರಬೇಕು. ಉತ್ತರವೇ ಬಾರದಿದ್ದರೆ? ಅವಧಿ ಮುಗಿದಾಗ ಕೈಬಿಡಿ, ಮೌನವನ್ನು ಒಪ್ಪಿಗೆಯೆಂದು ತಿಳಿಯಬೇಡಿ.

ಹಂತ 7: ಬಟನ್ ಮೇಲಿನ ಮಾತು

‘ಆರ್ಡರ್ ರದ್ದು ಮಾಡಲೇ?’ ಎಂದು ಕೇಳಿ, ಕೆಳಗೆ ‘ಸರಿ’ ಮತ್ತು ‘ರದ್ದು’ ಎಂದು ಎರಡು ಬಟನ್ ಇಟ್ಟಿದ್ದನ್ನು ನಾನು ಕಣ್ಣಾರೆ ಕಂಡಿದ್ದೇನೆ. ಯಾವುದನ್ನು ಒತ್ತಿದರೆ ಆರ್ಡರ್ ಉಳಿಯುತ್ತದೆ? ‘ಆರ್ಡರ್ ರದ್ದು ಮಾಡಿ’, ‘ಆರ್ಡರ್ ಇರಲಿ’ ಎಂದು ಬರೆದಿದ್ದರೆ ಗೊಂದಲವೇ ಇರುತ್ತಿರಲಿಲ್ಲ.

ಹಿಂದೆಗೆಯಬಹುದಾದ ಕೆಲಸವಾದರೆ ಪ್ರಶ್ನೆಯನ್ನೇ ಬಿಟ್ಟುಬಿಡಬಹುದು. ಜಿಮೇಲ್ ಪತ್ರ ಕಳಿಸುವ ಮುನ್ನ ಕೇಳುವುದಿಲ್ಲ. ಕಳಿಸಿದ ಮೇಲೆ 30 ಸೆಕೆಂಡ್‌ವರೆಗೂ ಹಿಂಪಡೆಯುವ ಅವಕಾಶ ಕೊಡುತ್ತದೆ. ಪದೇ ಪದೇ ಕೇಳಿದರೆ ಜನ ಓದುವುದನ್ನೇ ಬಿಟ್ಟು ‘ಹೌದು’ ಒತ್ತುತ್ತಾರೆ.

ಮಾಡಿದ್ದು ಸರಿಯಿದೆಯೇ ಎಂದು ನೋಡಲು ಎರಡು ಟ್ಯಾಬ್ ಸಾಕು. ಒಂದರಲ್ಲಿ ‘ಖಾತೆ ಅಳಿಸು’ ಒತ್ತಿ, ಪ್ರಶ್ನೆ ಬಂದಾಗ ಹಾಗೇ ಬಿಡಿ. ಇನ್ನೊಂದರಲ್ಲಿ ಅದೇ ಖಾತೆಗೆ ಹೊಸ ಆರ್ಡರ್ ಸೇರಿಸಿ. ಮೊದಲ ಟ್ಯಾಬ್‌ಗೆ ಮರಳಿ ‘ಹೌದು’ ಒತ್ತಿ. ‘ಈಗ 4 ಬಾಕಿ ಇವೆ’ ಎಂದು ಸರ್ವರ್ ಮತ್ತೆ ಕೇಳಬೇಕು. ಖಾತೆ ಅಳಿಸಿಹೋದರೆ ಹಂತ 4ಕ್ಕೆ ಹಿಂತಿರುಗಿ.